ಬೀಳುವವರ ಪಟ್ಟಿ

ಬಿ.ಎ. ಮುಗಿಸಿ ಮೈಸೂರಿನಿಂದ ಮಧುಗಿರಿಗೆ ಬಂದು, ಕೆಲಸ ಸಿಗದೆ, ಸೋದರಮಾವನ ಕಾಗದಪತ್ರ ನೋಡಿಕೊಂಡಿದ್ದ ಒಂದೂವರೆ ವರ್ಷ ನನ್ನ ನೆನಪಿನಲ್ಲಿ ಒಂದೇ ಉದ್ದನೆಯ ಬೇಸಿಗೆಯಂತಿದೆ. ನಡುವೆ ಮಳೆಗಾಲ ಬಂದಿರಲೇಬೇಕು. ಹೆಂಚು ಹೊದಿಸುವವರಿಗೆ ಮಳೆಯಲ್ಲಿ ಕೆಲಸವಿಲ್ಲದ್ದರಿಂದ ಅದು ಅಳಿಸಿಹೋಗಿರಬಹುದು. ಕಾರಣ ಸಿಕ್ಕಿತೆಂದ ಮಾತ್ರಕ್ಕೆ ನೆನಪು ನಿಜವಾಗುವುದಿಲ್ಲ ಎಂದೂ ಗೊತ್ತು.

ಮಾವ ಹೆಂಚಿನ ಕಂತ್ರಾಟುದಾರ. ಮಣ್ಣಿನ ಮಾಳಿಗೆಗಳ ನಮ್ಮ ಸೀಮೆಯಲ್ಲಿ ಮಂಗಳೂರು ಹೆಂಚು ಆಗ ಹೊಸ ಸೊಗಸು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ, ಎಲ್ಲಿ ಶಾಲೆಯೋ ಮಂಡಿಯೋ ಎದ್ದರೂ ಅವನ ಹನ್ನೆರಡು ಜನ ಏಣಿ ಹೊತ್ತು ಹೋಗುತ್ತಿದ್ದರು. ಯಾರಾದರೂ ಬಿದ್ದರೆ, ಅವನು ಮತ್ತೆ ಏಣಿ ಹತ್ತುವವರೆಗೆ ಅವನ ಮನೆಗೆ ರಾಗಿ ಕಳಿಸುವ ಹೊಣೆ ಮಾವನದು. ಇದು ಯಾವ ಕಾಗದದಲ್ಲೂ ಇರಲಿಲ್ಲ. ಕೆಲಸ ಶುರುವಾಗುವ ದಿನ ಮಾವ ಏಣಿಯ ಮೊದಲ ಮೆಟ್ಟಿಲ ಮೇಲೆ ನಿಂತು ಕಾಯಿ ಒಡೆಯುತ್ತಿದ್ದ. ಅದೇ ಕರಾರು.

ಶಿರಾದ ಕಡಲೆಕಾಯಿ ವ್ಯಾಪಾರಿಯೊಬ್ಬರು ಗೋದಾಮಿಗೆ ಹೆಂಚು ಹೊದಿಸಲು ಕರೆದಾಗ ಈ ಕರಾರು ಅವರಿಗೆ ಸಾಲಲಿಲ್ಲ. "ಕೂಲಿಗಾರರ ಪರಿಹಾರಕ್ಕೆ ಕಾನೂನು ಬಂದಿದೆ ಸಾಹೇಬ್ರೆ. ಒಬ್ಬ ಬಿದ್ದು ಹೋದ್ರೆ ನಿಮ್ಮ ಮನೆ ಮಾರಿದ್ರೂ ಸಾಕಾಗಲ್ಲ. ವಿಮೆ ಮಾಡ್ಸಿ, ಆಮೇಲೆ ಏಣಿ ತನ್ನಿ," ಎಂದರು.

ಬೆಂಗಳೂರಿನಿಂದ ವಿಮೆಯ ಏಜೆಂಟರು ಬಂದು ನಮ್ಮ ಜಗಲಿಯ ಮೇಲೆ ಕೂತು ದರ ವಿವರಿಸಿದರು. ಕಂತು ಕೂಲಿಯ ಮೊತ್ತದ ಮೇಲೆ. ಮೇಲೆ ಹತ್ತುವವರಿಗೆ ಹೆಚ್ಚು, ಕೆಳಗೆ ನಿಂತು ಹೆಂಚು ಎಟುಕಿಸುವವರಿಗೆ ಕಡಿಮೆ. ಮೇಲಿನವರಿಗಷ್ಟೇ ಮಾಡಿಸಿದರೆ ಉಳಿತಾಯ.

"ಮಾಳಿಗೆ ಕೆಲ್ಸಕ್ಕೆ?" ಮಾವ ಕೇಳಿದ.

"ಮಟ್ಟಸ ಮಾಳಿಗೆಗೆ ಅರ್ಧ ದರ. ಇಳಿಜಾರಿಗೆ ಪೂರ್ತಿ."

"ಅಂಗಾದ್ರೆ ಹೆಂಚ್ನೂ ಮಟ್ಟಸವಾಗೇ ಹಾಸ್ಬುಡ್ತೀನಿ. ಮಳೆ ಬಂದಾಗ ನೀವು ಬಂದು ಬಕೀಟು ಹಿಡೀರಿ."

ಏಜೆಂಟರು ನಕ್ಕರು, ದರ ಇಳಿಸಲಿಲ್ಲ. ಕೆಳಗಿನವರನ್ನು ಬಿಡಬಹುದಲ್ಲ ಎಂದು ನಾನು ಇಂಗ್ಲಿಷ್ ಓದಿದವನ ಜಾಣತನ ತೋರಿಸಿದೆ. "ಕೈ ಜಾರಿದ ಹೆಂಚು ಯಾರ್ ತಲೆ ಮೇಲೆ ಬೀಳ್ತದೆ? ಆಕಾಸದ ಮೇಲಾ?" ಎಂದ ಮಾವ ಹನ್ನೆರಡು ಜನರಿಗೂ ಮಾಡಿಸಿದ.

ಪಟ್ಟಿ ಬರೆದವನು ನಾನು. ಕೆಲಸದಲ್ಲಿ ಅವರನ್ನು ಕರೆಯುತ್ತಿದ್ದುದು ಏಣಿ, ಕುಳ್ಳ, ಸುಣ್ಣದವನು ಎಂಬಂಥ ಅಡ್ಡಹೆಸರಿನಿಂದ. ನಿಜವಾದ ಹೆಸರು ಮಾವನಿಗೇ ಗೊತ್ತಿರಲಿಲ್ಲ. ಒಬ್ಬೊಬ್ಬರೇ ಬಂದು ತಗ್ಗಿದ ದನಿಯಲ್ಲಿ ಹೇಳಿದರು, ನಾನು ಬರೆದೆ. ಒಬ್ಬನಂತೂ ಹೆಸರು ಹೇಳುವ ಮುನ್ನ ಸೂರು ನೋಡುತ್ತ ಯೋಚಿಸಿದ. ಅವರು ಹೇಳಿದ್ದು ಸತ್ತುಹೋದ ತಮ್ಮ ಅಪ್ಪಂದಿರ ಹೆಸರುಗಳನ್ನು. ಬೀಳುವವರ ಪಟ್ಟಿಯಲ್ಲಿ ಹೆಸರು ಬರೆಸಿದರೆ ಬೀಳುತ್ತೇವೆಂಬುದು ಅವರ ನಂಬಿಕೆ. ಸತ್ತವರಾದರೆ ಇನ್ನೆಲ್ಲಿಂದ ಬೀಳುತ್ತಾರೆ? ಇದು ಆಗಲೇ ನನಗೆ ಗೊತ್ತಿತ್ತೇ? ಗೊತ್ತಿರಲಿಲ್ಲವೆಂದೇ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಆದರೆ ಬರೆಯುತ್ತ ಒಳಗೊಳಗೇ ನಕ್ಕ ನೆನಪೂ ಇದೆ. ಗೊತ್ತಿಲ್ಲದವನು ಯಾಕೆ ನಗಬೇಕು?

ಗೋದಾಮಿನ ಕೆಲಸದ ಕೊನೆಯ ವಾರ ಹನ್ನೆರಡು ಜನರಲ್ಲಿ ಬಡವನಹಳ್ಳಿಯವನು ಬಿದ್ದ. ನೆತ್ತಿಯ ಹೆಂಚು ಕೂರಿಸುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಹೆಂಚು ಕೂರುವ ಮರದ ರಿಪೀಸೊಂದು ಗಂಟಿದ್ದ ಕಡೆ ಕಾಲಡಿಯಲ್ಲಿ ಮುರಿದು, ಚಪ್ಪಡಿಯ ಅಂಚಿಗೆ ತೊಡೆ ಬಡಿಯಿತು. ಮೂಳೆ ಕೂಡಿದರೂ ಕಾಲು ಗಿಡ್ಡವಾಗುತ್ತದೆ, ಏಣಿ ಹತ್ತುವ ಮಾತು ಬೇಡ ಎಂದರು ಡಾಕ್ಟರು. ಮಾವ ರಾಗಿ ಕಳಿಸಲು ಶುರುಮಾಡಿದ. ಆದರೆ ಮತ್ತೆ ಏಣಿ ಹತ್ತುವವರೆಗೆ ಎಂಬ ಮಾತಿಗೆ ಈಗ ಕೊನೆಯೇ ಇರಲಿಲ್ಲ, ಮಾವನಿಗೋ ಅರವತ್ತು ದಾಟಿತ್ತು. ಬಿದ್ದವನ ಮೂರು ಮಕ್ಕಳ ಅನ್ನ ನಿಂತದ್ದು ವಿಮೆಯ ಮೇಲೆ.

ಏಜೆಂಟರು ವಿಚಾರಣೆಗೆ ಬಂದರು. ಬಡವನಹಳ್ಳಿ ಶಾನುಭೋಗರ ಹತ್ತಿರ ಹೋಗಿ ಬಂದವರ ಮುಖ ಬಿಳಿಚಿಕೊಂಡಿತ್ತು.

"ಪಟ್ಟಿಯಲ್ಲಿರುವ ಮನುಷ್ಯ ಪ್ಲೇಗಿನಲ್ಲಿ ಹೋದವನಂತೆ. ನಿಮ್ಮಲ್ಲಿ ಹೆಂಚು ಹೊದಿಸೋರು ಯಾರು ಸ್ವಾಮಿ, ಪಿಶಾಚಿಗಳೇ?"

ಮಾವ ಬಾಗಿಲಿಗೆ ಬಂದ. ಹೊರಗೆ ಕೂತಿದ್ದ ಆಳುಗಳನ್ನು ಇದೇನೆಂದು ಒಬ್ಬೊಬ್ಬರನ್ನೇ ಕೇಳಿದ. ಕೊನೆಗೆ ಹೆಂಚು ತಟ್ಟಿ ಬಿರುಕು ಪತ್ತೆ ಮಾಡುವ ಕೊಳಾಲದ ಮುದುಕ ಇದ್ದದ್ದನ್ನು ಹೇಳಿದ. ಏಜೆಂಟರು ಒಳ್ಳೆಯವರು; ಚೀಲ ಎತ್ತಿಕೊಂಡು ಹೊರಡಬಹುದಿತ್ತು, ಹೊರಡಲಿಲ್ಲ. ಉಳಿದ ಹನ್ನೊಂದು ಜನ ಅಮಲ್ದಾರರ ಮುಂದೆ ತಮ್ಮ ಸ್ವಂತ ಹೆಸರು ಹೇಳಿ, ಪಟ್ಟಿಯಲ್ಲಿರುವ ಆಳುಗಳು ನಾವೇ, ಬಿದ್ದವನು ಇವನೇ ಎಂದು ಬರೆದುಕೊಟ್ಟರೆ ಕಂಪನಿಗೆ ಹೇಳಿ ನೋಡುತ್ತೇನೆ ಎಂದರು. ಒಬ್ಬ ತಪ್ಪಿದರೂ ಆಗದು.

ಮಾರನೆಯ ದಿನ ಅಮಲ್ದಾರರ ಕಚೇರಿಯ ಮುಂದೆ ಕೂತವರಲ್ಲಿ ಯಾರೂ ಏಳಲಿಲ್ಲ. ಬರುವ ಸೋಮವಾರ ಕೊರಟಗೆರೆಯಲ್ಲಿ ಶಾಲೆಯ ಸೂರು ಹತ್ತಬೇಕಾದವರು ಅವರು.

"ಬ್ಯಾಡ ಬುಡಿ ಬುದ್ಯೋರೆ," ಎಂದ, ಗುರುತಿಗೆಂದು ಗಾಡಿಯಲ್ಲಿ ಮಲಗಿಸಿ ತಂದಿದ್ದ ಬಡವನಹಳ್ಳಿಯವನು. "ನಾನೊಬ್ಬ ಬಿದ್ದದ್ದೇ ಸಾಕು."

ಅವನ ಹೆಂಡತಿ ಗಾಡಿಯಿಂದ ಇಳಿದಳು. "ನೀನು ಸುಮ್ಕಿರು. ಲೇ, ನಿಮ್ಮೆಸ್ರು ಏನ್ ಬಂಗಾರದ್ದೇನ್ರಲಾ, ಪೆಟ್ಟಿಗೇಲಿ ಇಕ್ಕಂಡಿರಾಕೆ? ಇವ್ನು ಅಪ್ಪನೆಸ್ರು ಬರ್ಸಿದ್ದ. ಬೀಳ್ನಿಲ್ವಾ? ಎಸ್ರಿಗೂ ಬೀಳಾದಕ್ಕೂ ಏನ್ಲಾ ಸಂಬಂಧ?"

ನಾನು ನಾಲ್ಕು ವರ್ಷ ತರ್ಕ ಓದಿದವನು. ಅವತ್ತು ಈ ಮಾತು ನನ್ನ ಬಾಯಿಂದ ಬರಲಿಲ್ಲ.

ಮುದುಕ ಮೊದಲು ಎದ್ದ. "ಬರ್ಕಳಪ್ಪ. ಎಷ್ಟು ದಿನ ಇರ್ತೀನಿ ನಾನು?" ಎಂದು ಹೆಸರು ಹೇಳಿ ಹೆಬ್ಬೆಟ್ಟು ಒತ್ತಿದ. ಆಮೇಲೆ ಕುಳ್ಳ. ಆಮೇಲೆ ಅಣ್ಣತಮ್ಮಂದಿರಿಬ್ಬರು, ನೀನು ಮೊದಲು ನೀನು ಮೊದಲು ಎಂದು ತಳ್ಳಾಡುತ್ತ. ಹತ್ತಾದವು. ಪಾವಗಡದ ಕಡೆಯ, ತೆಲುಗು ಬೆರೆಸಿ ಮಾತಾಡುವ ಸುಣ್ಣದವನು ಕಾಣಲಿಲ್ಲ. ಅಮಲ್ದಾರರು ಕಚೇರಿಯಿಂದ ಏಳುವ ಹೊತ್ತು. ಮಾವ ಬೀದಿಗೆ ಹೋಗುತ್ತಿದ್ದ, ಬರುತ್ತಿದ್ದ.

ಅವನು ಬಂದಾಗ ಪಂಚೆಯಿಂದ ನೀರು ಸುರಿಯುತ್ತಿತ್ತು.

"ಎಲ್ ಹಾಳಾಗ್ ಹೋಗಿದ್ಯೋ?" ಮಾವ ಕೂಗಿದ.

"ಸ್ನಾನಂ ಮಾಡ್ಕೊಂಡ್ ಬಂದ್ನಿ ಸಾಮಿ. ಸಾಯೋನು ಸುದ್ದಂಗಾ ಸಾಯ್ಬೇಕು ಕದಾ. ಊಂ, ಎಸ್ರು ಚೆಪ್ತಾ, ಬರ್ಕೋಳಿ."

ಅಮಲ್ದಾರರೂ ನಕ್ಕರೆಂದು ನನ್ನ ನೆನಪು. ಮಾವ ಮಾತ್ರ ಅವರು ನಗಲಿಲ್ಲ, ನೆಲ ಒದ್ದೆಯಾಯಿತೆಂದು ಬೈದರು ಎನ್ನುತ್ತಿದ್ದ.

ಎಷ್ಟು ತಿಂಗಳಾಯಿತೋ, ಕಂಪನಿ ಒಪ್ಪಿತು. ಕೇಳಿದಷ್ಟಲ್ಲ, ಆದರೂ ಒಂದು ಜೊತೆ ಎತ್ತಿಗೂ ತುಂಡು ಹೊಲಕ್ಕೂ ಆಗುವಷ್ಟು. ಕಾಗದ ಹಿಡಿದು ನಾನೇ ಬಡವನಹಳ್ಳಿಗೆ ಹೋದೆ. ಅವನು ಗೋಡೆಗೆ ಒರಗಿ ಕುಳಿತು, ಗಿಡ್ಡ ಕಾಲನ್ನು ಮುಂದೆ ಚಾಚಿ ಹಗ್ಗ ಹೊಸೆಯುತ್ತಿದ್ದ. ಮೊತ್ತ ಹೇಳಿದೆ. ಅವನ ಹೆಂಡತಿ ತಲೆಯಾಡಿಸಿ, "ಆ ಹನ್ನೊಂದು ಜನದೆಸ್ರು ಐತಾ ಇದ್ರಾಗೆ? ಓದಿ," ಎಂದಳು.

ಜೊತೆಗಿದ್ದ ಹೇಳಿಕೆಯ ನಕಲನ್ನು ಓದಿದೆ. ಪ್ರತಿ ಹೆಸರಿಗೂ ಅವಳು ಹ್ಞೂಂ ಅಂದಳು. ಹನ್ನೊಂದೂ ಮುಗಿದ ಮೇಲೆ ಅವನು ಹಗ್ಗ ಕೆಳಗಿಟ್ಟು ಕೇಳಿದ:

"ಕೊರಟಗೆರೆ ಇಸ್ಕೂಲು ಮುಗೀತಾ? ಯಾರೂ ಬೀಳ್ನಿಲ್ವಾ?"

"ಮುಗೀತು. ಯಾರೂ ಬೀಳಲಿಲ್ಲ."

"ಅಂಗಾದ್ರೆ ಕೊಡಿ," ಎಂದು ಕಾಗದಕ್ಕೆ ಕೈ ಚಾಚಿದ.