ಸಹಿಯ ಕೆಳಗಿನ ಚುಕ್ಕಿ

ಅಮೆರಿಕದ ಒಬ್ಬ ವಕೀಲ ನನ್ನನ್ನು ಸುಸ್ತು ಮಾಡಿದ್ದಾನೆ.

ಆತ ಸತ್ತು ನೂರು ವರ್ಷದ ಮೇಲಾಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಯಾವುದೋ ನಗರದಲ್ಲಿ ಕೇಸು ನಡೆಸಿದ, ಚುನಾವಣೆಗೆ ನಿಂತ, ಗೆದ್ದ, ಸೋತ, ಹೋದ. ನನಗೂ ಅವನಿಗೂ ಏನು ಸಂಬಂಧ? ಆದರೂ ಹದಿನೈದು ದಿನದಿಂದ ಕೊಪ್ಪಳದ ನನ್ನ ಬಾಡಿಗೆ ರೂಮಿನಲ್ಲಿ ಕೂತು ಅವನ ಪತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ಮಾಡಿ ಓದುತ್ತಿದ್ದೇನೆ. ಅಲ್ಲಿನ ಗ್ರಂಥಾಲಯವೊಂದು ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿದೆ. ಅಕ್ಷರವೋ, ಮಸಿಯಲ್ಲಿ ಬಿದ್ದ ಇರುವೆ ಎದ್ದು ಮನೆಗೆ ನಡೆದುಹೋದ ಹಾಗಿದೆ.

ತಪ್ಪು ಶರಣಪ್ಪನವರದು. ಅವರು ಕುಷ್ಟಗಿಯಲ್ಲಿ ನೋಟರಿ. ಅವರ ತಂದೆ ದೊಡ್ಡ ವಕೀಲರು, ಊರಿನ ರಾಜಕಾರಣದಲ್ಲೂ ದೊಡ್ಡ ಹೆಸರು. ಸುತ್ತಲಿನವರಿಗೆಲ್ಲ ಅವರು ಬರೀ ‘ಸಾಹೇಬ್ರು’. ತೀರಿಕೊಂಡು ಬಹಳ ವರ್ಷವಾಗಿದೆ. ಈಗ ಮಗ ಒಂದು ಸ್ಮರಣ ಗ್ರಂಥ ತರುತ್ತಿದ್ದಾರೆ. ಅದರಲ್ಲಿ ಸಾಹೇಬರ ಪತ್ರಗಳಿಗೇ ಒಂದು ಭಾಗ. ಆರಿಸಿ ಜೋಡಿಸುವ ಕೆಲಸ, ಪತ್ರಿಕೆಗೆ ವಾರದ ಅಂಕಣ ಬರೆಯುವ ನನಗೆ ಬಂತು.

“ನನಗ್ಯಾಕ್ರಿ? ನಾ ಯಾರನ್ನೂ ಹೊಗಳಿ ಬರಿಯಂಗಿಲ್ಲ,” ಎಂದೆ.

“ಅದಕ್ಕ ನಿಮ್ಮನ್ನ ಕೇಳಾಕತ್ತೀನಿ ಮೇಡಂ. ಹೊಗಳೋ ಮಂದಿ ಹೆಚ್ಚಾಗ್ಯಾರ. ಪುಸ್ತಕದಾಗ ಜಾಗಾ ಇಲ್ಲ. ನೀವು ಬರೀ ಪತ್ರ ಜೋಡಸ್ರಿ. ಫಾರಿನ್ನಾಗ ಇಂಥಾ ವಕೀಲರ ಪತ್ರ ಹೆಂಗ ಇಟ್ಟಿರತಾರ ನೋಡಿ, ಹಂಗ ಮಾಡ್ರಿ.”

ಹೀಗೆ ಅಮೆರಿಕದವನು ನನ್ನ ಕೊರಳಿಗೆ ಬಿದ್ದ.

ಅಲ್ಲಿನವರು ಅವನ ಪತ್ರಗಳನ್ನು ಎರಡು ಪೆಟ್ಟಿಗೆಗಳಲ್ಲಿ ವಿಂಗಡಿಸಿದ್ದಾರೆ. ಒಂದು ‘ವ್ಯವಹಾರ’, ಇನ್ನೊಂದು ‘ವೈಯಕ್ತಿಕ’. ವ್ಯವಹಾರದಲ್ಲಿ ಮೃತ್ಯುಪತ್ರ, ಹೊಲದ ಗಡಿ, ಗೋಡೆ ಜಗಳ, ನನ್ನ ಅಳಿಯನಿಗೊಂದು ಕೆಲಸ ಕೊಡಿಸಿ ಎಂಬ ಮತದಾರರ ಗೋಳು. ವೈಯಕ್ತಿಕದಲ್ಲಿ ಹೆಂಡತಿಯ ಹಲ್ಲುನೋವು, ತಮ್ಮನ ಕುಂಟು ಕುದುರೆ. (ನೂರು ವರ್ಷದ ಹಿಂದಿನ ಹಲ್ಲುನೋವು ಓದಿ ನನಗೆ ದವಡೆ ಹಿಡಿದುಕೊಂಡಿತು.)

ಒಂದು ಮಧ್ಯಾಹ್ನ ಎರಡು ಪತ್ರ ಎದುರುಬದುರಾದವು. ವ್ಯವಹಾರದ ಪೆಟ್ಟಿಗೆಯಲ್ಲಿ ಒಂದು ಶಿಫಾರಸು ಪತ್ರ. ಈ ಯುವಕ ಪ್ರಾಮಾಣಿಕ, ಕಷ್ಟಪಟ್ಟು ದುಡಿಯುವವನು, ದಯವಿಟ್ಟು ಕೆಲಸ ಕೊಡಿ ಎಂದು ಒಬ್ಬ ಅಧಿಕಾರಿಗೆ ಬರೆದದ್ದು. ವೈಯಕ್ತಿಕ ಪೆಟ್ಟಿಗೆಯಲ್ಲಿ ಅದೇ ಅಧಿಕಾರಿಗೆ ಮರುದಿನ ಬರೆದ ಇನ್ನೊಂದು. ಆ ಹುಡುಗನ ಸೋದರಮಾವ ನನ್ನ ಆಫೀಸಿನಿಂದ ಏಳಲೇ ಇಲ್ಲ, ಅದಕ್ಕೇ ಬರೆದುಕೊಟ್ಟೆ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ!

ಕೈ ಒಂದೇ, ಮಸಿ ಒಂದೇ. ಪೆಟ್ಟಿಗೆ ಮಾತ್ರ ಬೇರೆ.

ನಾನು ಜೋರಾಗಿ ನಕ್ಕೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ‘ರಾಜಕಾರಣಿಯ ಮಾತು ನಂಬಲರ್ಹವೇ’ ಎಂಬ ವಿಷಯಕ್ಕೆ ಈ ಎರಡು ಹಾಳೆ ಸಿಕ್ಕಿದ್ದರೆ ಮೊದಲ ಬಹುಮಾನ ನನಗೇ ಗ್ಯಾರಂಟಿ. ಆಮೇಲೆ ಆ ಹುಡುಗ ನೆನಪಾದ. ಮೊದಲ ಪತ್ರವನ್ನು ಕೋಟಿನ ಒಳಜೇಬಿನಲ್ಲಿಟ್ಟು ಎಷ್ಟು ದೂರ ನಡೆದನೋ? ಎಷ್ಟು ದಿನ ಕಾದನೋ?

ನಗು ಅಲ್ಲಿಗೇ ನಿಂತಿತು. ಯಾಕೆಂದರೆ ಅಂಥದ್ದೇ ಒಂದು ಪತ್ರ ಕುಷ್ಟಗಿಯ ನಮ್ಮ ಮನೆಯ ಗೋಡೆಯ ಮೇಲಿದೆ.

ನಮ್ಮ ಅಪ್ಪ ಟೈಪಿಂಗ್ ಈರಣ್ಣ. ತಾಲೂಕು ಆಫೀಸಿನ ಎದುರು ಅವನ ಪುಟ್ಟ ಅಂಗಡಿ. ಮೊದಲು ಟೈಪ್‌ರೈಟರ್ ಇತ್ತು, ಈಗ ಕಂಪ್ಯೂಟರು, ಝೆರಾಕ್ಸು. ಅರ್ಜಿ, ತಕರಾರು, ಅಫಿಡವಿಟ್ಟು, ಊರಿನ ಅರ್ಧ ದುಃಖ ಅವನ ಬೆರಳ ತುದಿಯಿಂದಲೇ ಸರ್ಕಾರಕ್ಕೆ ಹೋಗುತ್ತದೆ. ಅವನು ಇಪ್ಪತ್ತರ ಹುಡುಗನಾಗಿದ್ದಾಗ ಸಾಹೇಬರು ಯಲಬುರ್ಗಾದ ಒಬ್ಬ ಅಧಿಕಾರಿಗೆ ಪತ್ರ ಬರೆದುಕೊಟ್ಟಿದ್ದರು. ಈ ಹುಡುಗನ ಟೈಪಿಂಗ್ ಶುದ್ಧ, ನಡತೆ ಶುದ್ಧ, ನಿಮ್ಮಲ್ಲಿ ಖಾಲಿ ಇರುವ ಟೈಪಿಸ್ಟ್ ಜಾಗಕ್ಕೆ ತೆಗೆದುಕೊಳ್ಳಿ ಎಂದು. ಕೆಲಸ ಸಿಗಲಿಲ್ಲ. ಪತ್ರ ಮಾತ್ರ ಫ್ರೇಮ್ ಹಾಕಿಸಿಕೊಂಡು ದೇವರ ಫೋಟೋಗಳ ಪಕ್ಕ ಕೂತಿತು.

“ಸಾಹೇಬ್ರು ಬರದು ಕೊಟ್ರವ್ವ. ನನ್ನ ಹಣೇಬರಾ ನೆಟ್ಟಗಿದ್ದಿಲ್ಲ.” ಇದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಗ್ರಂಥದ ಸುದ್ದಿ ತಿಳಿದ ದಿನವೇ ಅಪ್ಪ ಫೋನ್ ಮಾಡಿದ. ಮಗಳಿಂದ ಇಲ್ಲಿಯವರೆಗೆ ಏನನ್ನೂ ಕೇಳದ ಮನುಷ್ಯ. “ನನ್ನ ಪತ್ರಾನೂ ಹಾಕವ್ವ ಅದರಾಗ. ಒಂದ ಪುಟ ಸಾಕು. ಸಾಹೇಬ್ರು ನನಗ ಬರದಿದ್ರು ಅಂತ ನಾಕ ಮಂದಿ ನೋಡಲಿ.”

ಹಾಕಬಹುದು. ಆದರೆ ಅಮೆರಿಕದವನ ಎರಡನೇ ಪತ್ರ ಓದಿದ ಮೇಲೆ? ಅಪ್ಪನ ಪತ್ರಕ್ಕೂ ಹಿಂದಿನಿಂದ ಇನ್ನೊಂದು ಹೋಗಿದ್ದರೆ? ಸುಳ್ಳು ಪತ್ರವನ್ನು ಅಚ್ಚು ಹಾಕಿಸಿ, ಅಪ್ಪನನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಸಲೇ?

ಶರಣಪ್ಪನವರು ಕೊಟ್ಟ ಟ್ರಂಕಿನಲ್ಲಿ ಪತ್ರಗಳ ಕಾರ್ಬನ್ ಪ್ರತಿಗಳಿದ್ದವು, ಉದ್ದನೆಯ ತಂತಿಗಳಿಗೆ ಚುಚ್ಚಿಟ್ಟದ್ದು. ವ್ಯವಹಾರವೂ ಅದರಲ್ಲೇ, ವೈಯಕ್ತಿಕವೂ ಅದರಲ್ಲೇ. ಮೇಲೊಂದು ಖೂನಿ ಕೇಸು, ಕೆಳಗೆ ಮಗಳ ಬಾಣಂತನಕ್ಕೆ ತುಪ್ಪ ಕಳಿಸಿ ಅಂತ. ಎರಡನೇ ತಂತಿಯಲ್ಲಿ ಅಪ್ಪನ ಪತ್ರದ ಪ್ರತಿ ಸಿಕ್ಕಿತು. ಅದರ ಮೇಲೂ ಕೆಳಗೂ ಅದೇ ಒಕ್ಕಣೆಯ ಬೇರೆ ಪತ್ರಗಳು. ಎಲ್ಲರ ನಡತೆಯೂ ಶುದ್ಧ! ಹೆಸರು ಮಾತ್ರ ಬೇರೆ ಬೇರೆ.

ತಂತಿ ಚುಚ್ಚಿದವರು ಸಾಹೇಬರ ಕಾರಕೂನ ಮೌಲಾಸಾಬ್. ಅವರ ಆಫೀಸಿನ ಬರವಣಿಗೆಯನ್ನೆಲ್ಲ ನೋಡಿಕೊಂಡವರು. ಈಗ ಕಿನ್ನಾಳದಲ್ಲಿ ಮಗಳ ಮನೆಯಲ್ಲಿದ್ದಾರೆ. ಹೋದೆ. ಪಕ್ಕದ ಮನೆಯ ಕಟ್ಟೆಯ ಮೇಲೆ ಬಣ್ಣ ಒಣಗಲಿಟ್ಟ ಕಟ್ಟಿಗೆಯ ಗಿಳಿಗಳು ನಮ್ಮ ಕಡೆಗೇ ನೋಡುತ್ತಿದ್ದವು.

“ಕಾಕಾ, ಸಾಹೇಬ್ರು ಇಷ್ಟ ಮಂದಿಗೆ ಬರದು ಕೊಟ್ಟಾರಲ್ಲ, ಎಲ್ಲಾರಿಗೂ ಕೆಲಸ ಸಿಕ್ಕೇನು?”

ಮೌಲಾಸಾಬ್ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. “ಎಲ್ಲಾರಿಗೂ ಸಿಕ್ಕಿದ್ರ ಸರ್ಕಾರಕ್ಕ ಕುರ್ಚಿ ಸಾಲ್ತಿದ್ದಿಲ್ಲ, ಬೇಟಿ.”

“ಮತ್ತ ಯಾಕ ಬರದ್ರು?”

“ಬಾಗಲಕ್ಕ ಬಂದವರಿಗೆ ಇಲ್ಲ ಅನ್ನಾಕ ಬರತೈತೇನು? ನಾಳಿ ಓಟ್ ಕೇಳಾಕ ಅವರ ಬಾಗಲಕ್ಕ ನಾವು ಹೋಗಬೇಕು. ಅದಕ್ಕ ಎಲ್ಲಾರಿಗೂ ಕಾಗದ. ಆದ್ರ ಚುಕ್ಕಿ ಎಲ್ಲಾರಿಗೂ ಇಲ್ಲ.”

“ಯಾವ ಚುಕ್ಕಿ?”

ಅವರು ನನ್ನ ನೋಟ್‌ಬುಕ್ಕಿನ ಮೇಲೆ ಬೆರಳೂರಿ ಒತ್ತಿ ತೋರಿಸಿದರು. “ಸಹಿ ಮಾಡಿದ ಮ್ಯಾಲೆ, ಅದರ ಕೆಳಗ ಪೆನ್ನಿಲೆ ಒತ್ತಿ ಒಂದ ಚುಕ್ಕಿ. ಚುಕ್ಕಿ ಇದ್ರ, ಮಾಡಿಕೊಡ್ರಿ ಅಂತ. ಇಲ್ಲಂದ್ರ, ಓದಿ ಒಳಗಿಡ್ರಿ ಅಂತ. ಆಫೀಸರ್ ಮಂದಿಗೆಲ್ಲ ಗೊತ್ತಿತ್ತು. ಕಾಗದ ಒಯ್ಯಾವನಿಗೆ ಮಾತ್ರ ಗೊತ್ತಿದ್ದಿಲ್ಲ.”

ಅಮೆರಿಕದವನಿಗೆ ಎರಡು ಹಾಳೆ ಬೇಕಾಯಿತು. ನಮ್ಮವರು ಒಂದು ಚುಕ್ಕಿಯಲ್ಲಿ ಮುಗಿಸಿದರು.

“ಅಪ್ಪನ ಕಾಗದಕ್ಕ ಚುಕ್ಕಿ ಇತ್ತೇನ್ ಕಾಕಾ?”

“ಕಾರ್ಬನ್ ಮ್ಯಾಲೆ ಸಹಿನೇ ಇರಂಗಿಲ್ಲ, ಚುಕ್ಕಿ ಎಲ್ಲಿಂದ ಬರತೈತಿ? ಅಸಲಿ ಕಾಗದ ನೋಡಬೇಕು. ಅಸಲಿ ಆಫೀಸಿಗೆ ಹೋಗಿರತಾವ, ಇನ್ನೆಲ್ಲಿ ಸಿಗತಾವ?” ಆಮೇಲೆ ತಮ್ಮಷ್ಟಕ್ಕೇ ಹೇಳಿಕೊಂಡರು, “ಒಮ್ಮೆ ಒಬ್ಬ ಆಫೀಸರ್ ಚುಕ್ಕಿ ಇದ್ರೂ ಮಾಡಲಿಲ್ಲ ಅಂತ ಸಾಹೇಬ್ರು ಸಿಟ್ಟಾಗಿ ಅವನ ಜೋಡಿ ಮಾತು ಬಿಟ್ಟಿದ್ರು. ಯಾರ ಸಲುವಾಗಿ ಅನ್ನೂದು ಮರತೈತಿ.”

ನನ್ನ ತಲೆ ಆಗಲೇ ಕುಷ್ಟಗಿಯ ಬಸ್ಸು ಹತ್ತಿತ್ತು. ಅಸಲಿ ಪತ್ರ ನಮ್ಮ ಮನೆಯಲ್ಲಿದೆಯಲ್ಲ!

ದಾರಿಯುದ್ದಕ್ಕೂ ಭಾಷಣ ಸಿದ್ಧ ಮಾಡಿದೆ. ಅಪ್ಪನಿಗೆ ಕೆಲಸ ಸಿಗಲಿಲ್ಲ, ಆದ್ದರಿಂದ ಚುಕ್ಕಿ ಇಲ್ಲ, ಆದ್ದರಿಂದ ಸಾಹೇಬರು ಮೋಸಗಾರ. ಮೂರೇ ಮೆಟ್ಟಿಲು. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಹೀಗೆ ವಾದಿಸಿದ್ದರೆ ನಾನೇ ಎದ್ದು ನಿಂತು ಹಿಗ್ಗಾಮುಗ್ಗಾ ಜಾಡಿಸುತ್ತಿದ್ದೆ. ವಾದ ನನ್ನದೇ ಆದ್ದರಿಂದ ಬಿಟ್ಟುಬಿಟ್ಟೆ.

ಮನೆಗೆ ಬಂದು ಫ್ರೇಮ್ ಇಳಿಸಿ ಬಾಗಿಲ ಬೆಳಕಿಗೆ ಹಿಡಿದೆ.

ಚುಕ್ಕಿ ಇತ್ತು.

ಸರಿಯಾಗಿ ಸಹಿಯ ಕೆಳಗೆ. ಸಾಸಿವೆ ಕಾಳಿನಷ್ಟು. ಪೆನ್ನಿನ ಮೊನೆ ಹಾಳೆಯನ್ನು ಒಳಕ್ಕೆ ಒತ್ತಿದ ಗುರುತು ಗಾಜಿನ ಮೇಲಿಂದಲೂ ಕಾಣುತ್ತಿತ್ತು. ಚಿಕ್ಕಂದಿನಿಂದ ನೋಡುತ್ತಿರುವ ಪತ್ರ ಇದು. ಒಮ್ಮೆಯೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಾಗಾದರೆ ಸಾಹೇಬರು ನಿಜವಾಗಿಯೂ ಬರೆದಿದ್ದರು. ಮತ್ತೆ ಕೆಲಸ ಯಾಕೆ ಸಿಗಲಿಲ್ಲ? ಆಗ ಹೊಳೆಯಿತು, ಇಷ್ಟು ವರ್ಷ ಕೇಳದೇ ಉಳಿದ ಪ್ರಶ್ನೆ. (ಎಲ್ಲರನ್ನೂ ಪ್ರಶ್ನೆ ಮಾಡುವವಳಂತೆ ನಾನು!)

“ಅಪ್ಪಾ, ಪತ್ರ ಆ ಆಫೀಸರ್‌ಗೆ ಬರದದ್ದು. ಮತ್ತ ನಮ್ಮ ಮನ್ಯಾಗ ಹೆಂಗ ಉಳೀತು?”

ಅಪ್ಪನ ಮುಖ ಅರಳಿತು. ಯಾರಾದರೂ ಕೇಳಲಿ ಎಂದೇ ಕಾದಿದ್ದವನಂತೆ. “ಅಸಲಿ ಯಾರರ ಕೊಡತಾರೇನು, ಹುಚ್ಚಿ? ಸಾಹೇಬ್ರ ಕೈಯಿಂದ ಸಹಿ ಆಗಿದ್ದು! ಆ ಆಫೀಸರ್ ಎಲ್ಲ್ಯರ ಕಳಕೊಂಡ್ರ? ನಾನ ಕುಂತು ಟೈಪ್ ಮಾಡಿದೆ. ಒಂದ ತಪ್ಪಿಲ್ಲ. ಕೆಳಗ ‘ಅಸಲಿನಂತೆ ನಕಲು’ ಅಂತ ಹಾಕಿ, ಗೆಜೆಟೆಡ್ ಆಫೀಸರ್ ಕಡಿಂದ ಶಿಕ್ಕಾ ಹೊಡಿಸಿ, ಅದನ್ನ ಒಯ್ದು ಕೊಟ್ಟೆ.”

“ಸಹಿ ಇದ್ದ ಜಾಗದಾಗ ಏನ್ ಟೈಪ್ ಮಾಡಿದಿ?”

“ಏನ್ ಮಾಡತಾರ? ‘ಸಹಿ’ ಅಂತ ಹೊಡದು, ಮುಂದ ಒಂದ ಅಡ್ಡಗೀಟು. ನಿಯಮ ಐತಲ್ಲ.”

ನಿಯಮ ಇದೆ. ನಕಲಿನಲ್ಲಿ ಅಕ್ಷರಗಳೆಲ್ಲ ಬರುತ್ತವೆ, ಸಹಿ ಬರುವುದಿಲ್ಲ. ಚುಕ್ಕಿಯಂತೂ ಬರುವುದೇ ಇಲ್ಲ. ಯಲಬುರ್ಗಾದ ಆ ಅಧಿಕಾರಿ ಹಾಳೆಯನ್ನು ಮೇಲಿಂದ ಕೆಳಗೆ ನೋಡಿರಬೇಕು. ಕೆಳಗೆ ಏನೂ ಇಲ್ಲ. ಓದಿ ಒಳಗಿಟ್ಟಿರಬೇಕು.

“ಆಮ್ಯಾಗ ಸಾಹೇಬ್ರು ಏನೂ ಕೇಳಲಿಲ್ಲೇನು?”

“ಒಮ್ಮೆ ಕೇಳಿದ್ರಲ್ಲ. ‘ಈರಣ್ಣ, ಕಾಗದ ಕೊಟ್ಟಿ ಇಲ್ಲೋ?’ ಅಂದ್ರು. ‘ಕೊಟ್ಟೀನ್ರಿ’ ಅಂದೆ. ಯಾಕೋ ಭಾಳ ಸಿಟ್ಟಾದ್ರು. ನನ್ನ ಮ್ಯಾಲಲ್ಲ.”

ಮೌಲಾಸಾಬ್ ಮರೆತ ಹೆಸರು ನನ್ನ ಎದುರಿಗೇ ನಿಂತಿತ್ತು. ಫ್ರೇಮನ್ನೇ ನೋಡುತ್ತ ನಿಂತೆ.

ಅಪ್ಪ ಪಕ್ಕಕ್ಕೆ ಬಂದು ಕನ್ನಡಕ ಸರಿಮಾಡಿಕೊಂಡ. ನಾನು ನೋಡುತ್ತಿದ್ದ ಜಾಗವನ್ನು ಅವನೂ ನೋಡಿದ.

“ಹೂಂ, ಅದು. ಪುಸ್ತಕಕ್ಕ ಹಾಕೂ ಮುಂದ ಅದೊಂದ ಕಂಪ್ಯೂಟರ್‌ನಾಗ ಅಳಿಸವ್ವ. ಮಸಿ ಬಿದ್ದೈತಿ. ಅಂದಿನಿಂದ ನನ್ನ ಕಣ್ಣಿಗೆ ಚುಚ್ಚತೈತಿ.”

“ಆತು,” ಎಂದೆ.

ಈಗ ಚುಕ್ಕಿಯ ಕಾಲ ಹೋಯಿತು ಎನ್ನುತ್ತೀರಾ? ಪತ್ರ ವಾಟ್ಸಾಪಿನಲ್ಲಿ ಬರುತ್ತದೆ, ಹಿಂದೆಯೇ ಒಂದು ಫೋನ್ ಬರುತ್ತದೆ ಅಥವಾ ಬರುವುದಿಲ್ಲ. ಬರದಿದ್ದರೆ ಓದಿ ಒಳಗಿಡಬೇಕು ಎಂದು ಮೇಜಿನ ಆ ಕಡೆಯವರಿಗೆ ಗೊತ್ತು. ಈ ಕಡೆಯವರು ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎದೆಗೊತ್ತಿಕೊಂಡು ಬೆಂಚಿನ ಮೇಲೆ ಕೂತಿರುತ್ತಾರೆ. ಅವರಲ್ಲಿ ಕೆಲವರು ಅಪ್ಪನ ಅಂಗಡಿಗೂ ಬರುತ್ತಾರೆ. ಅಪ್ಪ ಎಲ್ಲರಿಗೂ ಒಂದೇ ಬುದ್ಧಿಮಾತು ಹೇಳುತ್ತಾನೆ: ಅಸಲಿ ಕೈಬಿಡಬ್ಯಾಡ್ರಿ, ನಕಲು ಕೊಡ್ರಿ. ತಪ್ಪೇನಿಲ್ಲ. ಅವನನ್ನು ಬಿಟ್ಟು ಬಾಕಿ ಎಲ್ಲರಿಗೂ ಅದು ಒಳ್ಳೆಯ ಮಾತೇ ಆಗಿರಬಹುದು.

ವಾಪಸು ಬರುವಾಗ ಬಸ್ಸಿನಲ್ಲಿ ನಾನೇ ಪರ, ನಾನೇ ವಿರೋಧ. ಹೇಳಬಾರದು. ಹಣೆಬರಹವನ್ನು ದೂರಿಕೊಂಡು ಬದುಕಿದ ಮನುಷ್ಯನಿಗೆ, ಅಲ್ಲ, ನಿನ್ನ ಭಕ್ತಿಯೇ ನಿನ್ನ ಕೆಲಸ ಕೆಡಿಸಿತು ಎಂದು ಈಗ ಹೇಳಿ ಯಾರಿಗೆ ಲಾಭ? ಹೇಳಲೇಬೇಕು. ಅಷ್ಟೊಂದು ಶುದ್ಧ ನಡತೆಯವರ ನಡುವೆ ಇವನ ಹಾಳೆಯ ಮೇಲೆ ಸಾಹೇಬರು ಪೆನ್ನು ಒತ್ತಿದ್ದರು. ಇವನ ಸಲುವಾಗಿ ಒಬ್ಬರ ಜೊತೆ ಮಾತು ಬಿಟ್ಟಿದ್ದರು. ಅದು ಅವನಿಗೆ ಸಲ್ಲಬೇಕಾದದ್ದಲ್ಲವೇ? ನಾಲ್ಕು ಮಂದಿ ನೋಡಲಿ ಎಂದು ಕೇಳಿದವನು ಅವನೇ. ಅವನೇ ಇನ್ನೂ ನೋಡಿಲ್ಲವಲ್ಲ!

ಕೊಪ್ಪಳ ಬಂತು. ತೀರ್ಪು ಬರಲಿಲ್ಲ. ಸುಸ್ತಾಗಿದೆ. ಬೇರೆಯವರ ಸುಳ್ಳು ಹಿಡಿಯುವ ಕೆಲಸ ಇಷ್ಟು ಭಾರ ಇರಲಿಲ್ಲ.

ಪತ್ರದ ಸ್ಕ್ಯಾನ್ ನನ್ನ ಮುಂದಿದೆ. ಅಳಿಸಲು ಮೌಸಿನ ಒಂದು ಒತ್ತು ಸಾಕು. ಎರಡು ಸಲ ಅದರ ಮೇಲೆ ಬಾಣ ಒಯ್ದು ವಾಪಸು ತಂದಿದ್ದೇನೆ. ಗ್ರಂಥದ ಆ ಪುಟಕ್ಕೆ ವ್ಯವಹಾರ ಎಂದು ಬರೆಯಲೋ ವೈಯಕ್ತಿಕ ಎಂದು ಬರೆಯಲೋ, ಅದೂ ತಿಳಿಯುತ್ತಿಲ್ಲ. ಅಮೆರಿಕದವರನ್ನು ಕೇಳಿ ಉಪಯೋಗವಿಲ್ಲ.

ಈ ಅಂಕಣ ಅಚ್ಚಾದ ದಿನ ಬೆಳಿಗ್ಗೆ ಅಪ್ಪ ಅಂಗಡಿಯ ಬಾಗಿಲು ತೆಗೆದು, ಕೆಂಪು ಪೆನ್ನು ಹಿಡಿದು ಓದುತ್ತಾನೆ. ಒಂದು ವಾರವೂ ತಪ್ಪಿಸಿಲ್ಲ. ಎಲ್ಲಿ ಕೊಂಬು ಬಿಟ್ಟಿದೆ, ಎಲ್ಲಿ ಒತ್ತು ಬಿಟ್ಟಿದೆ, ಎಲ್ಲ ಗೀಟು ಹಾಕಿ ನನಗೆ ಫೋಟೋ ಕಳಿಸುತ್ತಾನೆ. ಈ ಸಲವೂ ಕೊನೆಯ ಸಾಲಿನವರೆಗೆ ಓದುತ್ತಾನೆ, ಗೊತ್ತು. ಎದುರು ನಿಂತು ಹೇಳಲಾಗದ್ದನ್ನು ನಾನೂ ಒಂದು ಪತ್ರದಲ್ಲಿ ಬರೆದು ಕಳಿಸುತ್ತಿದ್ದೇನೆ. ಇದು ಅಸಲಿ, ನಕಲಲ್ಲ.

ಅಪ್ಪಾ, ಅದು ಬಿದ್ದ ಮಸಿ ಅಲ್ಲ.