ಚರಗಿಯ ಕೆಳಗಿನ ಆನೆ

ನರಗುಂದದ ಬಸ್ ನಿಲ್ದಾಣದ ಹತ್ತಿರ ನಮ್ಮ ಖಾನಾವಳಿ. ನಾನು ಆ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿಯೇ ಅತ್ತೆ ನನ್ನನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂಡಿಸಿ ಒಂದು ಹಿತ್ತಾಳೆ ಚರಗಿ ಕೈಗೆ ಕೊಟ್ಟರು. ನೀರು ಕುಡಿಯುವುದಕ್ಕಲ್ಲ. ಊಟ ಮುಗಿಸಿದವರು ನೋಟು ಕೊಟ್ಟರೆ ಅದನ್ನು ನೇರ ಪೆಟ್ಟಿಗೆಗೆ ಹಾಕಬಾರದು. ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು, ಎಷ್ಟರ ನೋಟು ಎಂದು ಬಾಯಿಬಿಟ್ಟು ಹೇಳಿ, ಅದರ ಮೇಲೆ ಚರಗಿ ಇಡಬೇಕು. ಚಿಲ್ಲರೆ ಕೊಟ್ಟು, ಅವರು ಎಣಿಸಿಕೊಂಡು "ಬರೋಬ್ಬರಿ ಐತ್ರಿ" ಅಂದ ಮೇಲೆಯೇ ಚರಗಿ ಎತ್ತಬೇಕು.

"ನೋಟು ಪೆಟ್ಟಿಗ್ಯಾಗ ಬಿತ್ತಂದ್ರ ನೂರು ಕೊಟ್ಟೆ, ಐನೂರು ಕೊಟ್ಟೆ ಅಂತ ಜಗಳ ಶುರು ಆಗ್ತೈತವ್ವಾ. ಚರಗಿ ಕೆಳಗ ಇದ್ರ ಎತ್ತಿ ತೋರಿಸಿದ್ರ ಆತು," ಎನ್ನುತ್ತಿದ್ದರು ಅತ್ತೆ.

ಕೊಣ್ಣೂರಿನ ಸೇತುವೆಯ ಮೇಲೆ ನೀರು ಬಂದು ಬಸ್ಸುಗಳೆಲ್ಲ ನಮ್ಮಲ್ಲಿಯೇ ನಿಂತು, ರೊಟ್ಟಿ ಬಡಿಯುವವರ ಕೈ ಸೋತ ದಿನವೂ ಈ ಕ್ರಮ ತಪ್ಪಿಲ್ಲ. ಈಗ ಗಲ್ಲಾದಲ್ಲಿ ನನ್ನ ಸೊಸೆ ಕೂಡುತ್ತಾಳೆ. ಅರ್ಧ ಮಂದಿ ಫೋನು ತೋರಿಸಿ ದುಡ್ಡು ಕೊಟ್ಟು ಹೋಗುತ್ತಾರೆ. ಚರಗಿಗೆ ಕೆಲಸ ಕಡಿಮೆಯಾಗಿತ್ತು. ಹಾಗಾಗಿ ನೇಪಾಳಕ್ಕೆ ಹೊರಟಾಗ ಪ್ರಯಾಣದಲ್ಲಿ ನೀರಿಗೆ ಆಗಲಿ ಎಂದು ಅದನ್ನು ಚೀಲಕ್ಕೆ ಹಾಕಿಕೊಂಡೆ.

ಜೊತೆಗೆ ಬಂದವಳು ಗಜೇಂದ್ರಗಡದ ಬಳೆ ಅಂಗಡಿಯ ನನ್ನ ಗೆಳತಿ. ಅವಳ ತವರೂ ನರಗುಂದ, ನನ್ನ ತವರುಮನೆಯ ಓಣಿಯೇ. ಶಾಲೆಗೆ ಕೂಡಿ ಹೋದವರು. ನಾನು ಒಂದು ವರ್ಷಕ್ಕೆ ದೊಡ್ಡವಳಾದ್ದರಿಂದ ಅವಳಿಗೆ ಇಂದಿಗೂ ಅಕ್ಕ. ಗಂಡ ತೀರಿಕೊಂಡ ಮೇಲೆ ಅವರ ಅಂಗಡಿ ಮೈದುನನ ಕೈಗೆ ಹೋಗಿತ್ತು. ಸರಕು ಆರಿಸಿ ತರುವವನು ಅವನು. ಗಿರಾಕಿಗಳ ಕೈ ಹಿಡಿದು ಬಳೆ ತೊಡಿಸುವುದಷ್ಟೇ ಇವಳ ಪಾಲಿಗೆ ಉಳಿದಿತ್ತು. ಹೆಂಗಸರು ಏನು ಕೇಳುತ್ತಾರೆ, ಏನು ನೋಡಿ ಮುಖ ಸಿಂಡರಿಸುತ್ತಾರೆ ಎಂಬುದು ಇವಳಿಗೆ ಗೊತ್ತು. ಅವನು ತಂದ ಸರಕು ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಒಮ್ಮೆಯಾದರೂ ಖರೀದಿಗೆ ತಾನು ಹೋಗಬೇಕೆಂದು ಅವಳು ಎಷ್ಟೋ ಸಲ ಕೇಳಿದ್ದಳು.

ರೋಣದಿಂದ ಹೊರಡುವ ಪ್ರವಾಸದ ಗುಂಪಿಗೆ ನಾವಿಬ್ಬರೂ ಹೆಸರು ಕೊಟ್ಟ ಸುದ್ದಿ ತಿಳಿದಾಗ ಅವನು ಗಿರಾಕಿಗಳ ಎದುರಿಗೇ ನಕ್ಕನಂತೆ. "ನೇಪಾಳದಾಗ ಗಾಜಿನ ಮಣಿ ಸರ ಭಾಳ ಚಲೋ ಸಿಗತಾವಂತ ಭಾಬಿ. ನಿಮ್ಮ ರೊಕ್ಕದಾಗ ತಂದ ತೋರಸ್ರಿ. ಟೋಪಿ ಹಾಕಿಸ್ಕೊಂಡ ಬಂದ್ರ ಮಾತ್ರ ಖರೀದಿ ಮಾತು ಮತ್ತ ತಗೀಬ್ಯಾಡ್ರಿ."

"ಹೂಂ ಅಂದು ಬಂದೀನಿ ಅಕ್ಕಾ," ಎಂದಳು ರೈಲಿನಲ್ಲಿ. ಮುಖ ಸಣ್ಣದಾಗಿತ್ತು.

ಪೋಖರಾದಲ್ಲಿ ಮೊದಲ ದಿನವೇ ಟೋಪಿ ಬಿತ್ತು. ಅದೂ ನಿಜವಾದ ಟೋಪಿಯ ಅಂಗಡಿಯಲ್ಲಿ. ಮೊಮ್ಮಗನಿಗೆಂದು ಒಂದು ಉಣ್ಣೆಯ ಟೋಪಿ ಆರಿಸಿದಳು. ಬೆಲೆ ನೂರೈವತ್ತು ಎಂದರು. ನಮ್ಮ ನೂರರ ಎರಡು ನೋಟು ಕೊಟ್ಟಳು. ಅಲ್ಲಿಯ ಐವತ್ತು ರೂಪಾಯಿ ತಿರುಗಿ ಬಂತು. ಎರಡು ನೂರರಲ್ಲಿ ನೂರೈವತ್ತು ಹೋದರೆ ಐವತ್ತು. ಲೆಕ್ಕ ಸರಿ ಎಂದು ನಾನೂ ತಲೆಯಾಡಿಸಿದೆ. ಹೋಟೆಲಿಗೆ ಬಂದು ಮ್ಯಾನೇಜರನಿಗೆ ನಮ್ಮ ನೂರರ ನೋಟು ಕೊಟ್ಟು ಚಿಲ್ಲರೆ ಕೇಳಿದಾಗ ಅವನು ಅಲ್ಲಿಯ ನೂರಾ ಅರವತ್ತು ಎಣಿಸಿದ. ಆಗ ತಿಳಿಯಿತು. ಬೆಲೆ ಹೇಳಿದ್ದು ಅವರ ರೂಪಾಯಿಯಲ್ಲಿ, ನಾವು ಕೊಟ್ಟದ್ದು ನಮ್ಮದು. ನಮ್ಮ ಇನ್ನೂರು ಎಂದರೆ ಅವರ ಮುನ್ನೂರಾ ಇಪ್ಪತ್ತು. ತಿರುಗಿ ಬರಬೇಕಾದದ್ದು ನೂರಾ ಎಪ್ಪತ್ತು.

ಗೆಳತಿ ಮಂಚದ ಮೇಲೆ ಕುಸಿದಳು. "ಆತ ಹೇಳಿದ್ದು ಖರೇ ಆತಲ್ಲ ಅಕ್ಕಾ. ಒಂದ ಟೋಪಿ ತಗೊಳ್ಳಾಕ ಬರಲಿಲ್ಲ, ಇನ್ನ ಮಣಿ ಸರ ಏನ್ ತರತೀನಿ! ಸುಮ್ಮನ ಗುಡ್ಡ ನೋಡಿ ಹೋಗೂಣು."

"ಗುಡ್ಡ ಎಲ್ಲಿಗೂ ಹೋಗೂದಿಲ್ಲ. ಏಳು," ಎಂದೆ.

ಕೂತು ಮರುಗುವುದು ನನಗೆ ಬಾರದು. ಮರುದಿನ ಬೆಳಿಗ್ಗೆ ಬೇರೆಯವರು ಸರೋವರದ ಕಡೆ ಹೋದರು, ನಾವು ದುಡ್ಡು ಬದಲಿಸುವ ಅಧಿಕೃತ ಕಚೇರಿಗೆ ಹೋದೆವು. ಖರ್ಚಿಗೆ ಬೇಕಾದಷ್ಟನ್ನೂ ಅಲ್ಲಿಯ ನೋಟಿಗೆ ಬದಲಿಸಿ, ಕಿಟಕಿಯ ಮುಂದಿನಿಂದ ಕದಲದೆ ಎಣಿಸಿಕೊಂಡೆವು. ನಮ್ಮ ದೇಶದ ನೋಟುಗಳನ್ನು ಒಂದು ಕರವಸ್ತ್ರದಲ್ಲಿ ಗಂಟು ಕಟ್ಟಿ ಚೀಲದ ತಳಕ್ಕೆ ಸೇರಿಸಿದೆ. ಊರಿಗೆ ಹೊರಡುವತನಕ ಆ ಗಂಟು ಬಿಚ್ಚುವ ಹಾಗಿಲ್ಲ. ನೇಪಾಳದ ನೋಟುಗಳನ್ನು ನನ್ನ ಎಲೆಅಡಿಕೆಯ ಸಂಚಿಯಲ್ಲಿ ಖಾನೆ ಖಾನೆಗೆ ಬೇರೆ ಮಾಡಿದೆವು. ಅವುಗಳ ಮೇಲೆ ಪ್ರಾಣಿಗಳ ಚಿತ್ರವಿರುತ್ತದೆ. ಸಾವಿರಕ್ಕೆ ಆನೆ, ಐನೂರಕ್ಕೆ ಹುಲಿ, ನೂರಕ್ಕೆ ಘೇಂಡಾಮೃಗ. ಅಂಕಿ ಓದುವುದಕ್ಕಿಂತ ಪ್ರಾಣಿ ಗುರುತಿಸುವುದು ಬೇಗ.

ಸಂಜೆ ಕೋಣೆಯಲ್ಲಿ ತಾಲೀಮು ಶುರುವಾಯಿತು. ಮಂಚವೇ ಅಂಗಡಿ, ನಾನು ಅಂಗಡಿಕಾರ, ಅವಳು ಗಿರಾಕಿ. ಕರವಸ್ತ್ರವೊಂದನ್ನು ಮುನ್ನೂರಕ್ಕೆ ಮಾರಿದೆ. ಅವಳು ಹುಲಿ ಕೊಟ್ಟಳು.

"ಯಾವೂರ್ರೀ ಬಾಯಾರ ನಿಮ್ಮದು?" ಎಂದು ಕೇಳಿದೆ.

"ಗಜೇಂದ್ರಗಡ್ರಿ. ಅಲ್ಲಿ ನಮ್ಮದು ಬಳಿ ಅಂಗಡಿ ಐತಿ. ನಮ್ಮ ಮಾವನ ಕಾಲದಿಂದ..."

ಅವಳ ಮಾವನ ಕಥೆ ಮುಗಿಯುವಷ್ಟರಲ್ಲಿ ಒಂದೇ ಘೇಂಡಾಮೃಗ ಕೈಗಿಟ್ಟು ಮುಷ್ಟಿ ಮುಚ್ಚಿಸಿದೆ. ಅವಳು ಅದನ್ನು ನೋಡದೆ ರವಿಕೆಯೊಳಗೆ ಸೇರಿಸಿದಳು.

"ನೂರು ಎಲ್ಲಿ ಹೋತು?" ಎಂದೆ.

ಅವಳು ನೋಟು ಹೊರತೆಗೆದು ನೋಡಿ ನನ್ನನ್ನೇ ದಿಟ್ಟಿಸಿದಳು. "ಖಾನಾವಳ್ಯಾಗೂ ಹಿಂಗ ಮಾಡ್ತಿದ್ದೇನು ಅಕ್ಕಾ?"

"ಥೂ ನಿನ್ನ! ಹಿಂಗ ಮಾಡಾಕ ಬಂದವ್ರನ್ನ ನೋಡಿ ನೋಡಿ ಕಲತೀನಿ. ಇನ್ನೊಮ್ಮೆ ಬಾ."

ಇನ್ನೊಮ್ಮೆ ಬಂದಳು, ಮತ್ತೆ ಸೋತಳು. ಮಾತಾಡಿಸಿದರೆ ಸಾಕು, ಉತ್ತರ ಕೊಡದೆ ಇರಲು ಅವಳಿಂದ ಆಗದು. ನಾನು ಮಕ್ಕಳೆಷ್ಟು ಎಂದು ಕೇಳಿದೆ, ಮಂಡಿನೋವಿನ ಬಗ್ಗೆ ಕೇಳಿದೆ. ಪ್ರತಿ ಸಲವೂ ಗೆದ್ದೆ. ಕೊನೆಗೊಮ್ಮೆ ಅವಳು ಮಾತಿನ ನಡುವೆಯೇ ನಿಂತು ತನ್ನ ಕೈಗಳನ್ನು ನೋಡಿಕೊಂಡಳು.

"ಅಕ್ಕಾ, ಬಳಿ ಇಡೂವಾಗ ನಾನೂ ಇದನ್ನ ಮಾಡ್ತೀನಲ್ಲ! ಮುಂಗೈ ಮ್ಯಾಲೆ ಬಳಿ ಬಿಗೀತು ಅಂದ್ರ, ನಿಮ್ಮ ಮಗಳಿಗೆ ಎಷ್ಟು ತಿಂಗಳ್ರೀ ಅಂತೀನಿ. ಆಕಿ ಹೇಳೂದ್ರಾಗ ಬಳಿ ಏರಿರತೈತಿ. ನಾ ಮಾತಿನ್ಯಾಗ ಬಳಿ ಏರಸ್ತೀನಿ, ಇವ್ರು ಮಾತಿನ್ಯಾಗ ಚಿಲ್ಲರ ಇಳಸ್ತಾರ!"

ಆಮೇಲೆ ನಾನು ಗೆಲ್ಲಲಿಲ್ಲ. ಅವಳ ತೀರಿಹೋದ ಗಂಡನ ಬಗ್ಗೆ ಕೇಳಿದರೂ ಒಂದು ಬೆರಳು ಮೇಲೆತ್ತಿ, ಚಿಲ್ಲರೆ ಎಣಿಸಿ ಮುಗಿಸಿ, "ಹಾಂ, ಈಗ ಕೇಳ್ರಿ," ಎಂದಳು.

ಕಠ್ಮಂಡುವಿನ ಹಳೆಯ ಪೇಟೆಯಲ್ಲಿ ಮಣಿ ಮಾರುವವರ ಓಣಿಯೇ ಇದೆ. ಕೆಂಪು, ಹಸಿರು, ಹಳದಿ ಗಾಜಿನ ಮಣಿಗಳ ಸರಗಳು ಗೋಡೆ ಕಾಣದಂತೆ ತೂಗುತ್ತವೆ. ಅಲ್ಲಿ ಕಾಲಿಟ್ಟ ಕೂಡಲೇ ಗೆಳತಿ ಬೇರೆ ಹೆಂಗಸಾದಳು. ಮಣಿಯನ್ನು ಹಲ್ಲಿಗೆ ತಾಗಿಸಿ ನೋಡಿದಳು, ದಾರವನ್ನು ಉಗುರಿನಿಂದ ಎಳೆದಳು, ಒಂದು ಕಟ್ಟನ್ನು ಬಿಸಿಲಿಗೆ ಹಿಡಿದು "ಬಣ್ಣ ಬಿಡತೈತಿ" ಎಂದು ತಿರುಗಿ ಕೊಟ್ಟಳು. ನಾನು ಚೀಲ ಹಿಡಿದು ಹಿಂದೆ ನಿಂತೆ. ಆ ಕೆಲಸ ಅವಳದು. ಮೂರು ಅಂಗಡಿ ದಾಟಿ ನಾಲ್ಕನೆಯದರಲ್ಲಿ ಕೂತಳು. ಉರ್ದುವಿನಲ್ಲಿ ಮಾತಿಗೆ ಮಾತು ಬೆಳೆಸಿ ಬೆಲೆ ಇಳಿಸಿದಳು. ಯಾವ ದೇಶದ ರೂಪಾಯಿ ಎಂದು ಮೊದಲೇ ಕೇಳಿದಳು. ನೇಪಾಳದ್ದು. ಒಟ್ಟು ಏಳು ಸಾವಿರದ ಮುನ್ನೂರಕ್ಕೆ ವ್ಯಾಪಾರ ಕುದುರಿತು.

ನಾನು ಸಂಚಿ ಬಿಚ್ಚಿದೆ. ಅವಳು ಒಂದೊಂದಾಗಿ ಎಂಟು ಆನೆಗಳನ್ನು ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟಳು. "ಎಂಟು ಸಾವಿರ," ಎಂದು ಓಣಿಗೆ ಕೇಳುವಂತೆ ಹೇಳಿದಳು. ನಾನು ಚೀಲದಿಂದ ಚರಗಿ ತೆಗೆದು ನೋಟುಗಳ ಮೇಲೆ ಕುಕ್ಕರಿಸಿದೆ.

ಅಂಗಡಿಯವನು ಹುಬ್ಬೇರಿಸಿದ. "ಇದೇನು?" ಎಂದ ಹಿಂದಿಯಲ್ಲಿ.

"ನಮ್ಮ ಪದ್ಧತಿ," ಎಂದೆ. ಲಾರಿ ಡ್ರೈವರುಗಳಿಗೆ ಊಟ ಬಡಿಸಿ ಕಲಿತ ಹಿಂದಿ ನನ್ನದು. "ಮೊದಲು ಚಿಲ್ಲರೆ. ಆಮೇಲೆ ಇದು ಏಳುತ್ತದೆ."

ಅವನು ಚಹಾ ತರಿಸಿದ. ಎಲ್ಲಿಂದ ಬಂದಿರಿ, ದೇವಸ್ಥಾನ ನೋಡಿದಿರಾ, ಚಳಿ ಹಿಡಿಸಿತೇ ಎಂದು ಕೇಳಿದ. ಗೆಳತಿಯ ತುಟಿ ಅಲುಗಿತು. ಉತ್ತರ ಅವಳ ಬಾಯಿಗೆ ಬಂದದ್ದು ನನಗೇ ಕಂಡಿತು. ಆದರೆ ಬೆರಳು ಮೇಲೆತ್ತಿದಳು. ಅವನು ಬೇರೊಬ್ಬ ಗಿರಾಕಿಯತ್ತ ತಿರುಗಿ, ಎರಡು ಮಾತಾಡಿ ಬಂದು, ಎರಡು ಘೇಂಡಾಮೃಗದ ನೋಟು ಮುಂದಿಟ್ಟ.

"ಏಳು ನೂರು ಬರಬೇಕು," ಎಂದಳು ಗೆಳತಿ.

"ಇಲ್ಲ ಅಮ್ಮಾ, ನೀವು ಕೊಟ್ಟದ್ದರಲ್ಲಿ ಒಂದು ಐನೂರರದು. ಏಳೂವರೆ ಸಾವಿರ. ನಾನು ನೋಡಿದ್ದೇನೆ."

ಬೇರೆ ಗಿರಾಕಿಗಳು ತಿರುಗಿ ನೋಡಿದರು. ಗೆಳತಿ ಒಮ್ಮೆ ನನ್ನತ್ತ ನೋಡಿದಳು. ಅವಳ ಕಣ್ಣಲ್ಲಿ ಗಜೇಂದ್ರಗಡದ ಅಂಗಡಿ, ನಗುವ ಮೈದುನ ಎಲ್ಲ ಇದ್ದರು. ನಾನು ಚರಗಿಯತ್ತ ಗದ್ದದಿಂದ ಸನ್ನೆ ಮಾಡಿದೆ. ಎತ್ತುವ ಹಕ್ಕು ಅವಳದು.

ಅವಳು ಎತ್ತಿದಳು. ಒಂದೊಂದೇ ನೋಟು ತಿರುವಿ ಇಟ್ಟಳು. ಆನೆ, ಆನೆ, ಆನೆ. ಎಂಟನೆಯದನ್ನು ಅವನ ಮುಖದ ಮುಂದೆ ಹಿಡಿದಳು. ಅದೂ ಆನೆ.

"ಗಜೇಂದ್ರಗಡದವ್ರಿಗೆ ಆನೀ ಗುರ್ತ ಸಿಗೂದಿಲ್ಲೇನು?" ಎಂದಳು ನನಗೆ ಕನ್ನಡದಲ್ಲಿ. ಆಮೇಲೆ ಅವನಿಗೆ ಉರ್ದುವಿನಲ್ಲಿ, "ಹುಲಿ ಎಲ್ಲಿದೆ, ಹುಡುಕಿ ಕೊಡ್ರಿ ಭಾಯಿ."

ಒಳಗೆ ಸರ ಪೋಣಿಸುತ್ತಿದ್ದ ಮುದುಕಿ ಮೊದಲು ನಕ್ಕಳು. ಆಮೇಲೆ ಗಿರಾಕಿಗಳು ನಕ್ಕರು. ಅಂಗಡಿಯವನು ಕಿವಿ ಹಿಡಿದುಕೊಂಡು ತಪ್ಪಾಯಿತು ಎಂದು ಹುಲಿಯ ನೋಟನ್ನು ಆ ಇನ್ನೂರರ ಪಕ್ಕಕ್ಕಿಟ್ಟ. ಕಣ್ಣು ತಪ್ಪಿತೋ ಮನಸ್ಸು ತಪ್ಪಿತೋ ನಾನು ವಿಚಾರಿಸಲಿಲ್ಲ. ಗೆಳತಿ ಮೂರನ್ನೂ ಬೆಳಕಿಗೆ ಹಿಡಿದು, ಹರಿದ ಒಂದು ನೂರನ್ನು ಬದಲಿಸಿಕೊಂಡು, ಸಂಚಿಯ ಖಾನೆಗೆ ಹಾಕಿ, "ಬರೋಬ್ಬರಿ ಐತಿ," ಎಂದಳು. ಆಗ ಚಹಾ ಕುಡಿದೆವು. ಅವಳು ತನ್ನ ಊರು, ಅಂಗಡಿ, ಮಾವನ ಕಾಲ ಎಲ್ಲವನ್ನೂ ಅವನಿಗೆ ಹೇಳಿದಳು. ಅವನು ಎರಡು ಸರ ಹೆಚ್ಚಿಗೆ ಕಟ್ಟಿಕೊಟ್ಟ.

ಗಜೇಂದ್ರಗಡಕ್ಕೆ ನಾನೂ ಜೊತೆಗೆ ಹೋದೆ. ಇದನ್ನು ನೋಡದೆ ನರಗುಂದಕ್ಕೆ ಮರಳಲು ಮನಸ್ಸಿರಲಿಲ್ಲ. ಮೈದುನ ಕಟ್ಟು ಬಿಚ್ಚಿ, ಮಣಿ ಉಜ್ಜಿ ನೋಡಿ, ಕೊಟ್ಟ ಬೆಲೆ ಕೇಳಿದ. ಅದನ್ನು ನಮ್ಮ ರೂಪಾಯಿಗೆ ಇಳಿಸಿ ಅವಳೇ ಹೇಳಿದಳು. ಅವನು ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಹೇಳಿದಳು. ಅಷ್ಟರಲ್ಲಿ ರಾಜೂರದಿಂದ ಬಂದಿದ್ದ ಇಬ್ಬರು ಹೆಣ್ಣುಮಕ್ಕಳು ಸರಗಳಿಗೆ ಕೈ ಹಾಕಿ, "ಇದೆಷ್ಟರೀ ಚಾಚಿ?" ಎಂದು ಕೇಳಿದರು. ಅವನನ್ನಲ್ಲ, ಅವಳನ್ನು.

"ಟೋಪಿ ಹಾಕಿಸ್ಕೊಳ್ಳಲಿಲ್ಲೇನು ಭಾಬಿ?" ಎಂದ ಮೈದುನ.

"ಒಂದ ಹಾಕಿಸ್ಕೊಂಡೀನಿ," ಎಂದು ಅವಳು ಉಣ್ಣೆಯ ಟೋಪಿ ತೆಗೆದು ಮೊಮ್ಮಗನ ತಲೆಗೆ ಇಟ್ಟಳು. "ಅದರ ಲೆಕ್ಕ ನಂದು. ಮುಂದಿನ ಖರೀದಿಗೆ ಯಾವಾಗ ಹೋಗೂದು?"

ಅವನು ತಲೆ ಕೆರೆದುಕೊಂಡು, "ಹಬ್ಬಕ್ಕ ಮುಂಬೈಗೆ ಹೋಗಬೇಕಾಗತೈತಿ. ನೀವ ಹೋಗ್ರಿ," ಎಂದ.

ಅವಳು ನನ್ನ ಚೀಲದ ಕಡೆ ನೋಡಿದಳು. "ಅಕ್ಕಾ, ಚರಗಿ..."

"ಅದು ನಮ್ಮ ಅತ್ತೀದು, ಕೊಡೂದಿಲ್ಲ," ಎಂದೆ. "ಏಳು, ನಿನಗೊಂದು ಹೊಸಾ ಚರಗಿ ತಗೊಳ್ಳೂಣು, ಭಾಂಡೆ ಅಂಗಡಿ ಇನ್ನೂ ತೆರದೈತಿ. ರೊಕ್ಕ ನೀನ ಕೊಡು, ಚಿಲ್ಲರ ನೀನ ಎಣಿಸು. ನಾ ಬರೇ ನೋಡ್ತೀನಿ."