ತಾರ್ ಬಾಬುವಿನ ಕೈ, ಸೈಕಲ್ಲಿನ ಹ್ಯಾಂಡಲ್

ಭೀಮಸೇನ ಹುಯಿಲಗೋಳ ಅವರು ಗದಗದ ಕಡೆಯವರು. 1955ರಲ್ಲಿ ರೈಲ್ವೆ ಸೇರಿ, 1960ರಲ್ಲಿ ಬರೋಡಾ ನಿಲ್ದಾಣದ ತಾರು ಕಚೇರಿಗೆ, ಅಂದರೆ ಟೆಲಿಗ್ರಾಫ್ ಕಚೇರಿಗೆ, ಸಿಗ್ನಲರ್ ಆಗಿ ವರ್ಗವಾಗಿ ಬಂದರು. ವಡೋದರಾ ಎಂಬ ಹೆಸರು ಗುಜರಾತಿಗಳ ಬಾಯಲ್ಲಿತ್ತು; ಕಚೇರಿಯ ಕಾಗದಗಳಲ್ಲಿಯೂ ಪರಊರಿನವರ ಮಾತಿನಲ್ಲಿಯೂ ಅದು ಬರೋಡಾ. ಪ್ರತಾಪನಗರದ ರೈಲ್ವೆ ಕ್ವಾರ್ಟರ್ಸಿನಲ್ಲಿ ಪತ್ನಿ ಸಾವಿತ್ರಿಯವರೊಂದಿಗೆ ಅವರ ವಾಸ. ಹೆಬ್ಬೆರಳು, ತೋರುಬೆರಳು, ನಡುಬೆರಳು ಈ ಮೂರರ ನಡುವೆ ತಾರಿನ ಕೀಯ ಗುಂಡಿಯನ್ನು ಹಿಡಿದು, ಚುಕ್ಕಿ ಮತ್ತು ಗೀಟುಗಳಾಗಿ ಇಂಗ್ಲಿಷ್ ಅಕ್ಷರಗಳನ್ನು ಬಡಿದು ಕಳುಹಿಸುವುದು ಅವರ ಉದ್ಯೋಗ.

ಒಬ್ಬೊಬ್ಬ ಸಿಗ್ನಲರನ ಬಡಿತಕ್ಕೂ ಅದರದೇ ಲಯವಿರುತ್ತದೆ. ಅದನ್ನು ಆ ಕಸುಬಿನವರು ‘ಕೈ’ ಎನ್ನುತ್ತಿದ್ದರು. ಸೂರತ್ ನಿಲ್ದಾಣದ ಸಿಗ್ನಲರ್ ಜನಾರ್ದನ ಹೆಬ್ಬಾರ ಉಡುಪಿಯವರು. ಭೀಮಸೇನರ ಕೈಯನ್ನು ಅವರು ಮೊದಲ ಎರಡು ಅಕ್ಷರಗಳಲ್ಲೇ ಗುರುತಿಸುತ್ತಿದ್ದರು. ಲೈನು ಖಾಲಿ ಇದ್ದಾಗ ಇಬ್ಬರೂ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬಡಿಯುತ್ತ ಮಾತನಾಡುತ್ತಿದ್ದರು. ಹೀಗೆ ಆರು ವರ್ಷ ಕಳೆದಿತ್ತು. ಒಬ್ಬರ ಮುಖವನ್ನು ಒಬ್ಬರು ಕಂಡಿರಲಿಲ್ಲ.

ಭೀಮಸೇನರಿಗೆ ಒಂದು ಆಸೆಯಿತ್ತು: ಗುಜರಾತಿನಿಂದ ಗದಗದವರೆಗೆ ಸೈಕಲ್ ಮೇಲೆ ಹೋಗಬೇಕು. ಜೊತೆಗಾರ ಬಸವರಾಜ, ಅಹಮದಾಬಾದಿನ ಬ್ಯಾಂಕೊಂದರಲ್ಲಿ ಗುಮಾಸ್ತ, ಗದಗದವನೇ, ನಾಲ್ಕು ವರ್ಷ ಚಿಕ್ಕವನು. 1966ರ ಏಪ್ರಿಲ್‌ನಲ್ಲಿ ಹೊರಡುವುದೆಂದು ನಿರ್ಧರಿಸಿದರು. ಅದಕ್ಕೆ ಮೊದಲು, ಜನವರಿಯಲ್ಲಿ, ಪೂರ್ಣ ಹೊರೆಯೊಂದಿಗೆ ಅಹಮದಾಬಾದಿನಿಂದ ಬರೋಡಾ ಮೂಲಕ ಸೂರತ್ತಿಗೆ ಮೂರು ದಿನದ ಪ್ರಯೋಗ ಪ್ರಯಾಣ. ಯಾವ ಹ್ಯಾಂಡಲ್, ಯಾವ ಚೀಲ, ಯಾವ ಭಾರ ಎಲ್ಲಿ ಎಂಬುದು ಅದರಲ್ಲಿ ಇತ್ಯರ್ಥವಾಗಬೇಕಿತ್ತು.

ಅಹಮದಾಬಾದಿನ ರಿಲೀಫ್ ರೋಡಿನ ಹಿಂದಿನ ಓಣಿಯಲ್ಲಿ ಕಾಸಂಭಾಯಿ ಎಂಬ ಸೈಕಲ್ ಫಿಟ್ಟರನ ಅಂಗಡಿಯಿತ್ತು. ಭೀಮಸೇನರು ತಮ್ಮ ಸೈಕಲ್ಲನ್ನು ರೈಲಿನ ಲಗೇಜಿನಲ್ಲಿ ಹಾಕಿಕೊಂಡು ಅಲ್ಲಿಗೆ ಬಂದಿದ್ದರು. ಕಾಸಂಭಾಯಿ ಗೋಣಿಯ ಮೇಲೆ ಎರಡು ಹ್ಯಾಂಡಲ್ ಇಟ್ಟ. ಒಂದು ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ರೇಸಿನ ಹ್ಯಾಂಡಲ್. ಇನ್ನೊಂದು ಹಾಲಿನವರು ಕ್ಯಾನು ತೂಗುಹಾಕಲು ಬಳಸುವಂಥದು. ಅಗಲ, ಎತ್ತರ, ಹಿಡಿಗಳು ಸವಾರನ ಕಡೆಗೆ ಹಿಂದಕ್ಕೆ ಬಂದಿರುತ್ತವೆ.

“ಬಾಬೂಜಿ, ಹ್ಯಾಂಡಲ್ ಬದಲಾದರೆ ಬ್ರೇಕೂ ಬದಲಾಗುತ್ತದೆ, ಅದನ್ನು ನೆನಪಿಡಿ,” ಎಂದ ಕಾಸಂಭಾಯಿ. ಸಾಮಾನ್ಯ ಸೈಕಲ್ಲಿನಲ್ಲಿ ಬ್ರೇಕಿನ ಕಂಬಿಗಳು ಹ್ಯಾಂಡಲ್ಲಿಗೇ ಜೋಡಿಸಿರುತ್ತವೆ. ಹಾಲಿನವರ ಹ್ಯಾಂಡಲ್ಲಿಗೆ ಅವು ಹಾಗೆಯೇ ಕೂಡುತ್ತವೆ. ರೇಸಿನದಕ್ಕೆ ಕಂಬಿ ಕಳಚಿ ತಂತಿಯ ಬ್ರೇಕು ಹಾಕಬೇಕು. ಅದು ಅವನ ಬಳಿ ಮುಂದಿನ ಗಾಲಿಗೆ ಮಾತ್ರ ಇತ್ತು. “ದೂರ ಹೋಗುವವರು ನೆಟ್ಟಗೆ ಕೂರಬೇಕು. ನಾನಾದರೆ ದೂಧವಾಲಾದ್ದನ್ನೇ ಹಾಕುತ್ತೇನೆ.”

ಬಸವರಾಜನ ಸೈಕಲ್ಲಿಗೆ ಆಗಲೇ ರೇಸಿನ ಹ್ಯಾಂಡಲ್ ಇತ್ತು. “ಭೀಮಣ್ಣ, ಅದನ್ನ ಹಾಕ್ಕೊಂಡ್ರ ನೀ ಗದಗ ಮುಟ್ಟೂದಿಲ್ಲ,” ಎಂದ. “ಮನಿಮನಿಗೆ ಹಾಲು ಹಾಕ್ಕೊಂತ ನಿಂದ್ರತಿ. ಊರಾಗ ನಾಕು ಮಂದಿ ನೋಡ್ತಾರ, ಸ್ವಲ್ಪ ಮರ್ಯಾದಿ ಇರ್ಲಿ.”

ಭೀಮಸೇನರು ರೇಸಿನ ಹ್ಯಾಂಡಲ್ಲನ್ನು ಆರಿಸಿದರು. ಅದರ ನಡುವೆ ಹಾಸಿಗೆಯ ಸುರುಳಿ, ಅದರ ಮೇಲೆ ಸ್ಟೋ, ಸ್ಟೋವಿನ ಪಕ್ಕ ನೀರಿನ ಡಬ್ಬಿ. ಹಿಂದಿನ ಕ್ಯಾರಿಯರ್‌ಗೆ ಸಾವಿತ್ರಿಯವರು ಹೊಲಿದ ಎರಡು ಖಾಕಿ ಚೀಲಗಳು. ಅವುಗಳಲ್ಲಿ ಬಟ್ಟೆ ಮಾತ್ರ. ಭಾರವೆಲ್ಲ ಮುಂದಕ್ಕೆ ಬಿತ್ತು. ಬೆನ್ನು ಬಾಗಿದ್ದರಿಂದ ಮೈಯ ಭಾರವೂ ಮುಂದಕ್ಕೆ, ಎರಡು ಮಣಿಕಟ್ಟುಗಳ ಮೇಲೆ, ಬಿತ್ತು.

ಜನವರಿ 26ರ ಬುಧವಾರ ನಸುಕಿನಲ್ಲಿ ಅಹಮದಾಬಾದು ಬಿಟ್ಟರು. ಉತ್ತರಾಯಣದ ಹಬ್ಬದಲ್ಲಿ ಹಾರಿಸಿದ ಗಾಳಿಪಟಗಳ ದಾರಗಳು ಇನ್ನೂ ತಂತಿಗಳಲ್ಲಿ ಜೋತಾಡುತ್ತಿದ್ದವು. ನಡಿಯಾದಿನವರೆಗೆ ಎಲ್ಲವೂ ಸರಿಯಿತ್ತು. ಆಣಂದ ದಾಟಿದ ಮೇಲೆ ಹೆಬ್ಬೆರಳಿನ ಬುಡದಲ್ಲಿ ಇರುವೆ ಹರಿದಂತಾಯಿತು. ಕೈ ಕೊಡವಿದರು, ಬಿಟ್ಟುಹೋಯಿತು. ಮತ್ತೆ ಬಂತು. ವಾಸದದ ಬಳಿ, ಮಹೀ ನದಿಯ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ಎದುರಿಗೆ ಹುಲ್ಲಿನ ಗಾಡಿ ಅಡ್ಡ ತಿರುಗಿತು. ಇದ್ದ ಒಂದೇ ಬ್ರೇಕನ್ನು ಒತ್ತಬೇಕೆಂದು ಬಲಗೈಗೆ ಹೇಳಿದರು. ಬೆರಳುಗಳು ಮುಚ್ಚಿದವು, ಆದರೆ ಹಿಡಿಯಲಿಲ್ಲ. ಬೂಟಿನ ಅಟ್ಟೆಯನ್ನು ಮುಂದಿನ ಟಯರಿಗೆ ಒತ್ತಿ, ರಸ್ತೆಯಂಚಿನ ಮರಳಿಗೆ ನುಗ್ಗಿಸಿ ನಿಂತರು.

“ಏನಾತು?” ಎಂದ ಬಸವರಾಜ.

“ಕೈ ಇಲ್ಲ,” ಎಂದರು ಭೀಮಸೇನರು. “ನೋಡಿದ್ರ ಅದ. ಹಿಡದ್ರ ಇಲ್ಲ.”

ಸಂಜೆ ಮನೆ ತಲುಪಿದಾಗ ಸಾವಿತ್ರಿಯವರು ಬಾಗಿಲಲ್ಲೇ ನಿಂತಿದ್ದರು. ಮಧ್ಯಾಹ್ನ ಕಚೇರಿಯ ಜವಾನ ಒಂದು ಕಾಗದ ಕೊಟ್ಟುಹೋಗಿದ್ದ. ಫೆಬ್ರುವರಿ ಕೊನೆಗೆಂದು ಗೊತ್ತುಮಾಡಿದ್ದ ಸಿಗ್ನಲರರ ವೇಗಪರೀಕ್ಷೆ, ಇನ್‌ಸ್ಪೆಕ್ಟರರ ಪ್ರವಾಸ ಬದಲಾದ ಕಾರಣ, ನಾಳೆ ಗುರುವಾರ ಹನ್ನೊಂದು ಗಂಟೆಗೆ. ರಜೆ ರದ್ದು. ಇನ್‌ಸ್ಪೆಕ್ಟರ್ ಸೂರತ್ತಿನಲ್ಲಿ ಕೂತಿರುತ್ತಾರೆ, ಬರೋಡಾದಿಂದ ಕಳುಹಿಸಬೇಕು.

ಪರೀಕ್ಷೆಯ ನಿಯಮ ಸರಳವಾಗಿತ್ತು. ಐದು ನಿಮಿಷ, ಕನಿಷ್ಠ ತೊಂಬತ್ತು ಪದ, ಐದಕ್ಕಿಂತ ಹೆಚ್ಚು ತಪ್ಪಿಲ್ಲ. ಹಿಂದಿನ ವರ್ಷ ಟೈಫಾಯಿಡ್ ಬಂದು ಎದ್ದ ವಾರವೇ ಪರೀಕ್ಷೆಗೆ ಕೂತು ಭೀಮಸೇನರು ಅನುತ್ತೀರ್ಣರಾಗಿದ್ದರು. ಎರಡನೆಯ ಸಲವೂ ಹಾಗಾದರೆ ಸಿಗ್ನಲರ್ ಹುದ್ದೆ ಹೋಗಿ ಪಾರ್ಸೆಲ್ ಕಚೇರಿ. ಅದರೊಂದಿಗೆ ಕ್ವಾರ್ಟರ್ಸೂ ಬಿಡಬೇಕು.

ಸಾವಿತ್ರಿಯವರು ಚಹಾ ತಂದರು. ಲೋಟ ಭೀಮಸೇನರ ಕೈಯಿಂದ ಜಾರಿತು. ಆಕೆ ಮತ್ತೊಂದು ಲೋಟ ತರದೆ, ಹಿಟ್ಟಿನ ಡಬ್ಬಿಯ ಮುಚ್ಚಳ ತಂದು ಮುಂದಿಟ್ಟರು. ಮನೆಯಲ್ಲಿ ಗಂಡ ಅಭ್ಯಾಸ ಮಾಡುವುದನ್ನು ಕೇಳಿ ಕೇಳಿ ಅವರಿಗೆ ತಾರಿನ ಭಾಷೆ ಕಿವಿಗೆ ಬಂದಿತ್ತು.

“ಹುಬ್ಳಿ ಬಡೀರಿ,” ಎಂದರು.

ಬಡಿದರು. ಇಂಗ್ಲಿಷಿನ ಎಚ್ ಎಂದರೆ ನಾಲ್ಕು ಚುಕ್ಕಿ. ಎಸ್ ಎಂದರೆ ಮೂರು.

“ಸುಬ್ಲಿ ಅಂದ್ರಿ ನೀವು. ಅಂಥಾ ಊರು ಎಲ್ಲದ?”

ಮತ್ತೆ ಬಡಿದರು. ಮತ್ತೆ ಸುಬ್ಲಿ. ಬೆರಳು ನಾಲ್ಕು ಸಲ ಆಡಿತೆಂದು ಅವರಿಗೆ ಅನಿಸುತ್ತಿತ್ತು. ಮುಚ್ಚಳ ಮೂರೇ ಸಲ ಸದ್ದು ಮಾಡುತ್ತಿತ್ತು. ಆಗ ಹೆಂಡತಿ ನಕ್ಕಳೆಂದು ಭೀಮಸೇನರು ಹೇಳುತ್ತಾರೆ. ಇಷ್ಟು ವರ್ಷಗಳ ಬಳಿಕ ಸಾವಿತ್ರಿಯವರನ್ನು ಪ್ರತ್ಯೇಕವಾಗಿ ಕೇಳಿದಾಗ, “ನಾ ನಕ್ಕಿಲ್ಲ. ಮನಿ ಬಿಡೂದಾದ್ರ ಎಲ್ಲಿಗೆ ಹೋಗೂದು ಅಂತ ಎಣಸಲಿಕ್ಕೆ ಹತ್ತಿದ್ದೆ” ಎಂದರು.

ಬಿಸಿನೀರು, ಎಳ್ಳೆಣ್ಣೆ, ಅರಿಶಿನದ ಶಾಖ ಎಲ್ಲವೂ ಆಯಿತು. ಕೊನೆಗೆ ಬಸವರಾಜ ಹೇಳಿದ: “ಆ ಕಡಿ ಬರಕೊಳ್ಳಾಂವ ಯಾರು? ನಿಮ್ಮ ಜನಾರ್ದನ ಅಲ್ಲೇನು? ಅಂವಗ ನಿನ್ನ ಕೈ ಗೊತ್ತೈತಿ. ಬಿಟ್ಟಿದ್ದು ತುಂಬ್ಕೊಂಡು ಬರಿ ಅಂತ ಮೊದ್ಲ ಒಂದು ಮಾತು ಹೇಳು. ಒಂದು ಚುಕ್ಕಿ ಅಂದ್ರ ಏನು ಮಹಾ?”

“ನೀ ಬ್ಯಾಂಕಿನ್ಯಾಗ ಒಂದು ಸೊನ್ನಿ ಬಿಟ್ರ ತುಂಬ್ಕೊಂಡು ಬರೀತಾರೇನು?” ಎಂದರು ಸಾವಿತ್ರಿಯವರು.

ಬೆಳಿಗ್ಗೆ ತೋರುಬೆರಳಿನ ತುದಿಗೆ ಸ್ವಲ್ಪ ಜೀವ ಬಂದಿತ್ತು. ಹೆಬ್ಬೆರಳು ಹಾಗೆಯೇ ಇತ್ತು. ಒಂಬತ್ತೂವರೆಗೆ ಕಚೇರಿಯಲ್ಲಿ ಕೀಯ ಮುಂದೆ ಕೂತು, ಲೈನು ಖಾಲಿಯಾದಾಗ ಸೂರತ್ತನ್ನು ಕರೆದು ಬಡಿದರು: ಕೈ ಸರಿ ಇಲ್ಲ.

ಗೊತ್ತಾಯಿತು, ಎಂದು ಉತ್ತರ ಬಂತು.

ಭೀಮಸೇನರು ಒಂದು ಕ್ಷಣ ಕೀ ಬಿಟ್ಟರು. ಮುಂದಿನದನ್ನು ಹೇಳುವಾಗ ಮೂವತ್ತು ವರ್ಷಗಳ ಬಳಿಕವೂ ಅವರ ದನಿ ತಗ್ಗುತ್ತದೆ. ಅವರು ಬಡಿದದ್ದು ಇಷ್ಟು: ಬಿಟ್ಟದ್ದು ತುಂಬಿಕೊ.

ಉತ್ತರ ಬರಲಿಲ್ಲ. ಇನ್‌ಸ್ಪೆಕ್ಟರ್ ಒಳಗೆ ಬಂದರೋ, ಜನಾರ್ದನರಿಗೆ ಕೇಳಲಿಲ್ಲವೋ, ಕೇಳಿಯೂ ಸುಮ್ಮನಾದರೋ ತಿಳಿಯುವ ದಾರಿ ಇರಲಿಲ್ಲ. ಹನ್ನೊಂದರವರೆಗೆ ಆ ಲೈನಿನಲ್ಲಿ ಕಚೇರಿಯ ಸಂದೇಶಗಳೇ ಹರಿದವು.

ಹನ್ನೊಂದಕ್ಕೆ ಹಿರಿಯ ಸಿಗ್ನಲರ್ ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತು, ಮೊಹರಾದ ಲಕೋಟೆ ಒಡೆದು ಹಾಳೆಯನ್ನು ಮುಂದಿಟ್ಟರು. ಭೀಮಸೇನರು ಮೊದಲು ಹಾಳೆಯಲ್ಲಿನ ಎಚ್‌ಗಳನ್ನೂ ಐದುಗಳನ್ನೂ ಹುಡುಕಿದರು. ಐದು ಎಂಬ ಅಂಕಿಗೆ ಐದು ಚುಕ್ಕಿ. ತಪ್ಪಿದ್ದನ್ನು ತಾವೇ ರದ್ದು ಮಾಡಲು ಎಂಟು ಚುಕ್ಕಿ ಬಡಿಯಬೇಕು. ನಾಲ್ಕನ್ನು ಬಡಿಯಲಾಗದ ಬೆರಳಿಗೆ ಆ ದಾರಿ ಮುಚ್ಚಿತ್ತು.

ಎರಡನೆಯ ಸಾಲಿನಲ್ಲಿ ಬ್ರೋಚ್ ನಿಲ್ದಾಣದ ಹೆಸರು. ಕೊನೆಯ ಎಚ್ ಎಸ್ ಆಗಿ ಬಿತ್ತು. ಕೂಡಲೇ ಸೂರತ್ತಿನವರು ತಮ್ಮ ಕೀ ತೆರೆದು ಲೈನನ್ನು ತಡೆದರು: ಮತ್ತೊಮ್ಮೆ.

ಸ್ಪಷ್ಟವಾಗದ್ದನ್ನು ಮರಳಿ ಕೇಳುವ ಹಕ್ಕು ಪಡೆಯುವವನಿಗೆ ಇತ್ತು. ಮರಳಿ ಸರಿಯಾಗಿ ಬಡಿದರೆ ಅದು ತಪ್ಪೆಂದು ಲೆಕ್ಕವಾಗುತ್ತಿರಲಿಲ್ಲ. ಆದರೆ ಕಾಲ ಮಾತ್ರ ನಿಲ್ಲುತ್ತಿರಲಿಲ್ಲ. ನಿಧಾನವಾಗಿ ಬಡಿದರು, ಹೋಯಿತು. ಎರಡು ಸಾಲಿನ ಬಳಿಕ ಐವತ್ತೈದು ವ್ಯಾಗನ್. ತಡೆ. ಮತ್ತೊಮ್ಮೆ. ಹಿರಿಯ ಸಿಗ್ನಲರ್ ಗಡಿಯಾರ ನೋಡಿದರು, ಭೀಮಸೇನರ ಕೈ ನೋಡಿದರು. ಮೂರನೆಯ ತಡೆ, ನಾಲ್ಕನೆಯದು. ಆರು ವರ್ಷದ ಸ್ನೇಹಿತ ಇನ್‌ಸ್ಪೆಕ್ಟರರ ಮುಂದೆ ತನ್ನನ್ನು ಹೆಜ್ಜೆಹೆಜ್ಜೆಗೂ ನಿಲ್ಲಿಸಿ ಅವಮಾನಿಸುತ್ತಿದ್ದಾನೆಂದೇ ಅವರು ತಿಳಿದರು.

ಆ ಸಿಟ್ಟಿನಲ್ಲೇ ಅವರು ಬೆರಳನ್ನು ನೆಚ್ಚುವುದನ್ನು ಬಿಟ್ಟರು. ಮಣಿಕಟ್ಟನ್ನು ಮೇಜಿನಿಂದ ಎತ್ತಿ, ಬೆರಳುಗಳನ್ನು ಕಟ್ಟಿಗೆಯಂತೆ ಬಿಗಿಹಿಡಿದು, ಮೊಳಕೈಯಿಂದ ಬಡಿಯತೊಡಗಿದರು. ಕೈ ಒರಟಾಯಿತು, ಚುಕ್ಕಿಗಳು ಎಣಿಕೆಗೆ ಬಂದವು. ಮತ್ತೆ ಮೂರು ಸಲ ತಡೆ ಬಂತು. ಏಳನೆಯದರ ಬಳಿಕ ಬರಲಿಲ್ಲ. ಕೊನೆಗೆ ಹಿರಿಯ ಸಿಗ್ನಲರ್ ಹಾಳೆಯ ಮೇಲೆ ಅಂಗೈ ಇಟ್ಟರು. ಐದು ನಿಮಿಷ ಮುಗಿದಿತ್ತು.

ಇಪ್ಪತ್ತು ನಿಮಿಷ ಕಾಯಬೇಕಾಯಿತು. ಬಳಿಕ ಸೂರತ್ತಿನಿಂದ ಫಲಿತಾಂಶ ಬಂತು, ಜನಾರ್ದನರ ಕೈಯಲ್ಲೇ: ತೊಂಬತ್ತೆರಡು ಪದ, ತಪ್ಪು ನಾಲ್ಕು. ಉತ್ತೀರ್ಣ. ಅದರಾಚೆ ಒಂದಕ್ಷರವೂ ಇರಲಿಲ್ಲ.

ಆ ಭಾನುವಾರವೇ ಭೀಮಸೇನರು ಕಾಸಂಭಾಯಿಯ ಅಂಗಡಿಗೆ ಹೋದರು. ಹಾಲಿನವರ ಹ್ಯಾಂಡಲ್ ಕೂಡಿಸಿ, ಕಳಚಿದ್ದ ಬ್ರೇಕಿನ ಕಂಬಿಗಳನ್ನು ಮರಳಿ ಹಾಕಿಸಿದರು. ಹಿಡಿಯನ್ನು ಒಂದೊಂದು ಬೆರಳಿನಷ್ಟು ತಿರುಗಿಸುತ್ತ, ಮುಂಗೈಯೂ ಅಂಗೈಯೂ ಒಂದೇ ಗೆರೆಗೆ ಬರುವವರೆಗೆ ಫಿಟ್ಟರನನ್ನು ಬಿಡಲಿಲ್ಲ. ಹಿಡಿಗಳಿಗೆ ಹಳೆಯ ಟ್ಯೂಬು ಸುತ್ತಿ, ಅದರ ಮೇಲೆ ಸಾವಿತ್ರಿಯವರ ಹಳೆಯ ಸೀರೆಯ ಪಟ್ಟಿ ಸುತ್ತಿದರು. ಸ್ಟೋ ಮತ್ತು ನೀರು ಹಿಂದಿನ ಚೀಲಗಳ ತಳಕ್ಕೆ ಹೋದವು, ಹಾಸಿಗೆ ಕ್ಯಾರಿಯರ್ ಮೇಲೆ ಅಡ್ಡಕ್ಕೆ, ಮುಂದೆ ಟಾರ್ಚೊಂದೇ. ಬಸವರಾಜ ನೋಡಿ, “ಮುಂಜಾನಿ ಎಷ್ಟು ಲೀಟರ್ ಕೊಡ್ತಿ?” ಎಂದ. “ನಿನಗ ಕೊಡೂದಿಲ್ಲ,” ಎಂದರು ಭೀಮಸೇನರು.

ಫೆಬ್ರುವರಿ ಎರಡನೆಯ ವಾರ ಒಬ್ಬರೇ ಸೂರತ್ತಿಗೆ ಹೊರಟರು. ಸುಮಾರು ನೂರೈವತ್ತು ಕಿಲೋಮೀಟರ್, ಎರಡು ದಿನ. ಈ ದಾರಿಯಲ್ಲಿ ಕೈ ಉಳಿದರೆ ಏಪ್ರಿಲ್‌ನ ಪ್ರಯಾಣ. ಉಳಿಯದಿದ್ದರೆ ಸೈಕಲ್ಲನ್ನೇ ಮಾರುವುದೆಂದು ಸಾವಿತ್ರಿಯವರಿಗೆ ಮಾತು ಕೊಟ್ಟಿದ್ದರು. ಹದಿನೈದು ಕಿಲೋಮೀಟರಿಗೊಮ್ಮೆ ಇಳಿದು ಊಟದ ಡಬ್ಬಿಯ ಮೇಲೆ ಎಚ್ ಬಡಿಯುವರು, ಐದು ಬಡಿಯುವರು. ಕರ್ಜನ್‌ನಲ್ಲಿ ಸರಿ. ಬ್ರೋಚಿನ ಕಬ್ಬಿಣದ ಸೇತುವೆಯ ಈಚೆ ಸರಿ. ಅಂಕಲೇಶ್ವರದಲ್ಲಿ ಒಂದು ಚುಕ್ಕಿ ಅನುಮಾನವಾಗಿ ಅರ್ಧ ಗಂಟೆ ಮರದಡಿ ಕೂತು ಮತ್ತೆ ಬಡಿದರು, ಸರಿ. ರಾತ್ರಿ ಅಲ್ಲಿಯೇ ಧರ್ಮಶಾಲೆಯಲ್ಲಿ ತಂಗಿದರು. ಮರುದಿನ ಮಧ್ಯಾಹ್ನ ಸೂರತ್ ನಿಲ್ದಾಣದ ಹಿಂದಿನ ಕ್ವಾರ್ಟರ್ಸಿನಲ್ಲಿ ಜನಾರ್ದನರ ಬಾಗಿಲು ತಟ್ಟಿದರು.

ಬಾಗಿಲು ತೆರೆದವರು ಮೇಲಿನಿಂದ ಕೆಳಗೆ ನೋಡಿದರು. “ಇಷ್ಟೇ ಉದ್ದವಾ? ತಾರಿನಲ್ಲಿ ಎತ್ತರ ಇದ್ದಿ ಮಾರಾಯ.”

ಭೀಮಸೇನರು ನಗಲಿಲ್ಲ. ಕೂತವರೇ ಕೇಳಿದರು. “ಏಳು ಸಲ ಯಾಕ ನಿಂದ್ರಸಿದಿ? ನಾ ಕೇಳಿದ್ದು ನಿನಗ ಮುಟ್ಟಲಿಲ್ಲೇನು?”

“ಮುಟ್ಟಿತು.” ಜನಾರ್ದನರು ಚಾಪೆಯ ಮೇಲೆ ಎದುರಿಗೆ ಕೂತರು. “ನೀನು ನಾಲ್ಕು ಚುಕ್ಕಿ ಕಳಿಸಿದಿ, ನಾನು ಮನಸ್ಸಿನಲ್ಲೇ ಐದು ಮಾಡಿಕೊಂಡೆ ಅಂತ ಇಟ್ಟುಕೋ. ಪರೀಕ್ಷೆ ಪಾಸು. ನಾಡಿದ್ದು ಗಾಡಿಯ ನಂಬರು ಬಂದಾಗ ಎಂತ ಮಾಡುವುದು? ಅಲ್ಲಿಯೂ ಅಂದಾಜು ಮಾಡುವುದಾ? ನನಗೆ ಕೇಳಿಸದಿದ್ದದ್ದನ್ನು ನಾನು ಬರೆಯುವುದಿಲ್ಲ. ಮರಳಿ ಕೇಳಬಹುದು, ಕೇಳಿದೆ. ಅಷ್ಟು ನನ್ನ ಕೈಯಲ್ಲಿ ಇತ್ತು.”

ಭೀಮಸೇನರು ತಲೆ ತಗ್ಗಿಸಿದರು. “ನಾ ಹಂಗ ಕೇಳಬಾರದಾಗಿತ್ತು.”

“ಬಾರದಿತ್ತು,” ಎಂದರು ಜನಾರ್ದನರು. ಬಳಿಕ ಎದ್ದು ಬಂದು, ಅತಿಥಿಯ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಒಂದೊಂದೇ ಬೆರಳಿನ ಬುಡ ಒತ್ತುತ್ತ ಬಂದರು. “ಜೋಮು ಉಂಟಾ?”

“ಇಲ್ಲ.”

“ಸುಳ್ಳು ಬೇಡ.”

“ಕಿರುಬೆರಳಿನ್ಯಾಗ ಸ್ವಲ್ಪ ಅದ.”

“ಕಿರುಬೆರಳು ಕೀ ಹಿಡಿಯುವುದಿಲ್ಲವಲ್ಲ, ಅದು ರೈಲ್ವೆಯದ್ದಲ್ಲ ಮಾರಾಯ, ನಿನ್ನದೇ. ಏಳು, ಊಟಕ್ಕೆ.”